ಶಿಕಾರಿಯ ಆಸೆಯನ್ನು ಕೃಷಿಕನ ಸಂಕಟದೊಂದಿಗೆ ಬೆರೆಸಬೇಡಿ

ಬಿಲ್ಲು ಹಿಡಿದು ಜಿಂಕೆ ಬೇಟೆಗೆ ಹೋದವರು ಬರಿಗೈಯಲ್ಲಿ ಮರಳುವುದೇ ಹೆಚ್ಚು. ಅಮೆರಿಕದಲ್ಲಿ ಸೆಪ್ಟೆಂಬರ್ ಹೊತ್ತಿಗೆ ಬಿಲ್ಲುಬೇಟೆಯ ಋತು ಶುರುವಾದರೆ ಗೆಳೆಯರ ತಂಡಗಳು ಕೆಲಸಕ್ಕೆ ರಜೆ ಹಾಕಿ, ಬೆಳಕು ಹರಿಯುವ ಮೊದಲೇ ಮರದ ಮೇಲಿನ ಅಟ್ಟಣಿಗೆ ಏರಿ ಕೂರುತ್ತವೆ. ವಾರಗಟ್ಟಲೆ ಕೂತರೂ ಬಾಣ ಬಿಡುವ ಅವಕಾಶವೇ ಒದಗದೆ ಇಡೀ ಋತು ಮುಗಿದುಹೋಗುವುದುಂಟು. ಬಾಣವನ್ನು ನಂಬಿ ಬಿಡಬಹುದಾದ ದೂರ ಇಪ್ಪತ್ತು, ಮೂವತ್ತು ಮೀಟರ್ ಮಾತ್ರ. ಅಷ್ಟು ಹತ್ತಿರಕ್ಕೆ ಜಿಂಕೆ ತಾನಾಗಿಯೇ ಬರಬೇಕು. ಗಾಳಿ ಸ್ವಲ್ಪ ತಿರುಗಿದರೂ ಮನುಷ್ಯನ ವಾಸನೆ ಅದರ ಮೂಗಿಗೆ ಬಡಿಯುತ್ತದೆ. ಹೆದೆ ಮಿಡಿದ ಸದ್ದಿಗೇ ಅದು ನೆಗೆಯಲೆಂದು ಮೈ ಕುಗ್ಗಿಸುತ್ತದೆ, ಬಾಣ ಬೆನ್ನ ಮೇಲಿಂದ ಹಾರಿಹೋಗುತ್ತದೆ. ತಾಗಿದರೂ ಪ್ರಾಣಿ ಅಲ್ಲೇ ಬೀಳುವುದು ಅಪರೂಪ. ರಕ್ತ ಸೋರಿ ಸೋತು ಬೀಳುವವರೆಗೆ ಕಾದು, ತರಗೆಲೆಗಳ ಮೇಲಿನ ಹನಿಗಳನ್ನು ಹುಡುಕುತ್ತ ಹಿಂಬಾಲಿಸಬೇಕು. ಇಂಥ ಬೇಟೆಯ ವಿಡಿಯೊಗಳನ್ನು ಈಗ ಮಂಗಳೂರಿನಲ್ಲೂ ಮೊಬೈಲ್‌ನಲ್ಲಿ ನೋಡಬಹುದು. ಜೊತೆಗೇ ಒಂದು ವಾದವೂ ಹುಟ್ಟಿಕೊಳ್ಳುತ್ತದೆ: ಅಲ್ಲಿ ಸರ್ಕಾರವೇ ಲೈಸೆನ್ಸ್ ಕೊಟ್ಟು ಬೇಟೆಯಾಡಿಸುತ್ತದೆ, ಶುಲ್ಕದ ಹಣ ಕಾಡಿಗೇ ಹೋಗುತ್ತದೆ, ನಮ್ಮ ಘಟ್ಟದ ತಪ್ಪಲಲ್ಲಿ ಕಾಡುಪ್ರಾಣಿಗಳಿಂದ ಕೃಷಿಕರು ನಲುಗುತ್ತಿರುವಾಗ ಇಲ್ಲೂ ಯಾಕೆ ಹಾಗೆ ಮಾಡಬಾರದು? ಈ ಪ್ರಶ್ನೆಯಲ್ಲಿ ಎರಡು ಬೇರೆಬೇರೆ ಸಂಗತಿಗಳು ಬೆರೆತಿವೆ. ಹವ್ಯಾಸದ ಶಿಕಾರಿ ಒಂದು, ಬೆಳೆ ಉಳಿಸಿಕೊಳ್ಳುವ ಹೋರಾಟ ಇನ್ನೊಂದು. ಇವನ್ನು ಬಿಡಿಸಿ ನೋಡದೆ ಇರುವುದರಿಂದ ಜಿಂಕೆಗೂ ಕೇಡು, ಕೃಷಿಕನಿಗೂ ಕೇಡು.

ಮೊದಲಿಗೆ ಅಮೆರಿಕದ ಲೆಕ್ಕ. ಹತ್ತೊಂಬತ್ತನೇ ಶತಮಾನದಲ್ಲಿ ಮಾಂಸದ ಮಾರಾಟಕ್ಕೆಂದು ನಡೆದ ಬೇಟೆ ಅಲ್ಲಿನ ಬಿಳಿಬಾಲದ ಜಿಂಕೆಗಳನ್ನು ಕೆಲವೇ ಲಕ್ಷಗಳಿಗೆ ಇಳಿಸಿಬಿಟ್ಟಿತ್ತು. ಬಳಿಕ ಬಿಗಿ ಕಾನೂನು ಬಂತು, ಮಾಂಸದ ಮಾರಾಟ ನಿಂತಿತು. 1937ರ ಪಿಟ್‌ಮನ್–ರಾಬರ್ಟ್‌ಸನ್ ಕಾಯ್ದೆ ಬಂದೂಕು, ಮದ್ದುಗುಂಡುಗಳ ಮೇಲಿನ ತೆರಿಗೆಯನ್ನು ವನ್ಯಜೀವಿ ರಕ್ಷಣೆಗೆ ತಿರುಗಿಸಿತು. ಬಿಲ್ಲು ಬಾಣಗಳೂ 1970ರ ದಶಕದಲ್ಲಿ ಆ ತೆರಿಗೆಯೊಳಗೆ ಬಂದವು. ಇಂದು ಅಲ್ಲಿರುವ ಬಿಳಿಬಾಲದ ಜಿಂಕೆಗಳು ಅಂದಾಜು 3 ಕೋಟಿ. ತೋಳ ಮತ್ತು ಕೂಗರ್‌ಗಳನ್ನು ಪೂರ್ವ ಭಾಗದ ಕಾಡುಗಳಿಂದ ಮನುಷ್ಯರೇ ಅಳಿಸಿಹಾಕಿದ್ದರಿಂದ ಜಿಂಕೆಗಳ ಸಂಖ್ಯೆಗೆ ಕಡಿವಾಣವಿಲ್ಲ. ಅವು ಊರೊಳಗಿನ ಹೂದೋಟಗಳನ್ನು ಮೇಯುತ್ತವೆ, ಹೆದ್ದಾರಿಯಲ್ಲಿ ಕಾರುಗಳಿಗೆ ಅಡ್ಡ ಬರುತ್ತವೆ. ವರ್ಷಕ್ಕೆ ಹತ್ತು ಲಕ್ಷಕ್ಕೂ ಮಿಕ್ಕಿ ಅಪಘಾತಗಳು ಜಿಂಕೆಗಳಿಂದಾಗುತ್ತವೆ ಎಂಬುದು ಅಲ್ಲಿನ ವಿಮಾ ಕಂಪನಿಗಳ ಅಂದಾಜು. ಅಂದರೆ ಅಲ್ಲಿನ ಬೇಟೆಗಾರ ನಿಂತಿರುವುದು ತೋಳ ಖಾಲಿ ಮಾಡಿದ ಜಾಗದಲ್ಲಿ. ಋತು ಇಷ್ಟೇ ದಿನ, ಒಬ್ಬನಿಗೆ ಇಂತಿಷ್ಟೇ ಪ್ರಾಣಿ, ಹೊಡೆದ ಪ್ರಾಣಿಗೆ ಚೀಟಿ ಕಟ್ಟಿ ಇಲಾಖೆಗೆ ತಿಳಿಸಬೇಕು, ಕತ್ತಲಾದ ಮೇಲೆ ದೀಪ ಬಿಟ್ಟು ಹೊಡೆಯುವಂತಿಲ್ಲ. ಗೆಳೆಯರ ತಂಡವೊಂದು ಋತುವಿಡೀ ಹತಾಶೆಪಟ್ಟು ಮರಳುವುದು ಅವರ ದುರದೃಷ್ಟದಿಂದಲ್ಲ. ಪ್ರಾಣಿಗೆ ತಪ್ಪಿಸಿಕೊಳ್ಳುವ ದಾರಿ ಉಳಿದಿರಲೆಂದು ನಿಯಮಗಳನ್ನೇ ಹಾಗೆ ಕಟ್ಟಲಾಗಿದೆ.

ನಮ್ಮ ಘಟ್ಟದ ಸ್ಥಿತಿ ಇದಕ್ಕೆ ತೀರಾ ಬೇರೆ. ಚಾರ್ಮಾಡಿ, ಶಿರಾಡಿ, ಬಿಸಿಲೆಯ ದಾರಿಯಲ್ಲಿ ಕಾಣುವ ದಟ್ಟ ಹಸಿರು ನೋಡಿದವರಿಗೆ ಒಳಗೆ ಜಿಂಕೆ, ಕಡವೆಗಳು ತುಂಬಿ ತುಳುಕುತ್ತಿರಬೇಕು ಅನ್ನಿಸುತ್ತದೆ. ಇದು ತಪ್ಪು ತಿಳಿವಳಿಕೆ. ನಿತ್ಯಹರಿದ್ವರ್ಣದ ಮಳೆಕಾಡಿನಲ್ಲಿ ಎಲೆ ಚಿಗುರೆಲ್ಲ ಮೇಲ್ಛಾವಣಿಯಲ್ಲಿರುತ್ತದೆ, ನೆಲದ ಮೇಲೆ ಹುಲ್ಲು ಕಡಿಮೆ. ಹಾಗಾಗಿ ಗೊರಸಿನ ಪ್ರಾಣಿಗಳ ಸಾಂದ್ರತೆ ನಾಗರಹೊಳೆ, ಬಂಡೀಪುರಗಳ ಎಲೆಯುದುರುವ ಕಾಡುಗಳಲ್ಲಿ ಇರುವಷ್ಟು ಇಲ್ಲಿ ಇರುವುದಿಲ್ಲ. ಚುಕ್ಕೆ ಜಿಂಕೆ ಇಂಥ ಮಳೆಕಾಡನ್ನು ಇಷ್ಟಪಡುವುದೂ ಇಲ್ಲ. ಇಲ್ಲಿರುವುದು ಚದುರಿಕೊಂಡ ಕಡವೆ, ಒಂಟಿಯಾಗಿ ಓಡಾಡುವ ಕಾಡುಕುರಿ, ಮೊಲದ ಗಾತ್ರದ ಬರ್ಕ. ಶಿವರಾಮ ಕಾರಂತರ ಮಗ, ಸುರತ್ಕಲ್‌ನ ಕೆಆರ್‌ಇಸಿಯಲ್ಲಿ ಎಂಜಿನಿಯರಿಂಗ್ ಓದಿ ಆಮೇಲೆ ಹುಲಿ ವಿಜ್ಞಾನಿಯಾದ ಉಲ್ಲಾಸ ಕಾರಂತರು ನಾಗರಹೊಳೆಯಲ್ಲಿ ನಡೆಸಿದ ಅಧ್ಯಯನಗಳು ಹುಲಿ, ಚಿರತೆ, ಕಾಡುನಾಯಿ ಮೂರೂ ಒಂದೇ ಕಾಡಿನ ಗೊರಸಿನ ಪ್ರಾಣಿಗಳನ್ನು ಹೇಗೆ ಹಂಚಿಕೊಂಡು ಬದುಕುತ್ತವೆ ಎಂಬುದನ್ನು ತೋರಿಸಿದವು. ಒಂದು ಹುಲಿಗೆ ವರ್ಷಕ್ಕೆ ಜಿಂಕೆ ಗಾತ್ರದ ಸುಮಾರು 50 ಪ್ರಾಣಿಗಳು ಬೇಕು, ಆ 50 ಸಿಗಬೇಕಾದರೆ ಅದರ ವಲಯದಲ್ಲಿ ಸುಮಾರು 500 ಪ್ರಾಣಿಗಳು ಇರಬೇಕು ಎಂಬ ಲೆಕ್ಕವನ್ನು ಅವರು ಜನಸಾಮಾನ್ಯರಿಗೂ ಅರ್ಥವಾಗುವಂತೆ ಹೇಳುತ್ತ ಬಂದಿದ್ದಾರೆ. 1987ರಲ್ಲಿ ರಾಷ್ಟ್ರೀಯ ಉದ್ಯಾನವೆಂದು ಘೋಷಣೆಯಾದ ಕುದುರೆಮುಖದ ಕಾಡಿಗೆ ಈ ಲೆಕ್ಕ ಹಚ್ಚಿ ನೋಡಿ. ಅಲ್ಲಿ ಒಂದು ಕಡವೆ ಕಡಿಮೆಯಾದರೂ ಅದು ಹುಲಿಯ ಬಾಯಿಂದ ಕಿತ್ತುಕೊಂಡದ್ದೇ. ಕಾಡಿನೊಳಗೆ ಆಹಾರ ಸಾಲದ ಚಿರತೆ ಕೊಟ್ಟಿಗೆಗೆ, ನಾಯಿಗೂಡಿಗೆ ಬಂದರೆ ಅದರ ಬೆಲೆ ತೆರುವವನು ಬೆಳ್ತಂಗಡಿಯ ಕೃಷಿಕ, ಶಿಕಾರಿಗೆ ಹೋದವನಲ್ಲ.

ನಮ್ಮಲ್ಲಿ ಕದ್ದು ನಡೆಯುವ ಶಿಕಾರಿಯ ರೀತಿಯನ್ನೂ ನೋಡಬೇಕು. ಬಿಲ್ಲಿನವನ ತಾಳ್ಮೆಗೂ ಇದಕ್ಕೂ ಸಂಬಂಧವಿಲ್ಲ. ರಾತ್ರಿ ಹಣೆಗೆ ಹೆಡ್‌ಲೈಟ್ ಕಟ್ಟಿಕೊಂಡು ಹೋಗುತ್ತಾರೆ. ಬೆಳಕು ಕಣ್ಣಿಗೆ ಬಿದ್ದ ಕಡವೆ ಓಡುವುದಿಲ್ಲ, ಕಣ್ಣು ಹೊಳೆಯಿಸುತ್ತ ನಿಂತುಬಿಡುತ್ತದೆ. ಗುಂಡು ಹೊಡೆಯುವವನಿಗೆ ಕಾಣುವುದು ಆ ಎರಡು ಹೊಳಪು ಮಾತ್ರ. ಗಂಡೋ ಹೆಣ್ಣೋ, ಗಬ್ಬವೋ, ಪಕ್ಕದಲ್ಲಿ ಮರಿಯಿದೆಯೋ ಎಂದು ತಿಳಿಯುವ ಹೊತ್ತಿಗೆ ಈಡು ಹೊಡೆದಾಗಿರುತ್ತದೆ. ಆ ಹೊಳಪಿನ ಹಿಂದೆ ಮನುಷ್ಯನೇ ಇದ್ದು ಜೀವ ಕಳೆದುಕೊಂಡ ಘಟನೆಗಳೂ ಮಲೆನಾಡಿನಲ್ಲಿ, ಕೊಡಗಿನಲ್ಲಿ ನಡೆದಿವೆ. ಉರುಳು ಇನ್ನೂ ಕ್ರೂರ. ಬೈಕಿನ ಕ್ಲಚ್ ತಂತಿಯನ್ನು ಬೇಲಿಯ ಕಂಡಿಯಲ್ಲಿ ಕುಣಿಕೆ ಮಾಡಿ ಬಿಟ್ಟರೆ ಅದು ಹಂದಿಗೂ ಬೀಳುತ್ತದೆ, ಕಾಡುಕುರಿಗೂ ಬೀಳುತ್ತದೆ, ಚಿರತೆಗೂ ಬೀಳುತ್ತದೆ. ಸೊಂಟಕ್ಕೆ ತಂತಿ ಬಿಗಿದು ಒದ್ದಾಡುವ ಚಿರತೆಗೆ ಅರಿವಳಿಕೆ ಕೊಟ್ಟು ಬಿಡಿಸಲು ಅರಣ್ಯ ಇಲಾಖೆಯವರು ಧಾವಿಸುವುದು ದಕ್ಷಿಣ ಕನ್ನಡ ಜಿಲ್ಲೆಯಲ್ಲಿ ಹೊಸ ಸುದ್ದಿಯೇನಲ್ಲ. ಇನ್ನು ತಿಂಡಿಯೊಳಗೆ ಸಿಡಿಮದ್ದು ಇಟ್ಟರೆ ಬಾಯಿ ಛಿದ್ರವಾದ ಪ್ರಾಣಿ ತಿನ್ನಲಾಗದೆ ದಿನಗಟ್ಟಲೆ ನರಳಿ ಸಾಯುತ್ತದೆ, ಆನೆಯೂ ಇದಕ್ಕೆ ಹೊರತಲ್ಲ. ಬೇಟೆಗಾರ ಸೋಲುವ ಸಾಧ್ಯತೆಯನ್ನೇ ಈ ಮೂರೂ ವಿಧಾನಗಳು ಅಳಿಸಿಹಾಕುತ್ತವೆ. ಲೈಸೆನ್ಸ್ ಒಂದು ಕೊಟ್ಟರೆ ಇವರೆಲ್ಲ ಹೆಡ್‌ಲೈಟ್ ಕಳಚಿಟ್ಟು ಬಿಲ್ಲು ಹಿಡಿದು ಹಗಲಲ್ಲಿ ಕಾಯುತ್ತಾರೆ ಎಂದು ನಂಬಲು ಆಧಾರವೇನಿದೆ? ಆಮೇಲೆ ಸಿಕ್ಕಿದ ಪ್ರತಿ ಮಾಂಸದ ತುಂಡೂ ಲೈಸೆನ್ಸಿನದ್ದೇ ಎಂದು ಹೇಳಿಕೊಳ್ಳಲು ದಾರಿಯಾಗುತ್ತದೆ ಅಷ್ಟೇ. ಬಿಲ್ಲಾದರೂ ನೋವಿಲ್ಲದ ಆಯುಧವಲ್ಲ. ಗಾಯಗೊಂಡು ತಪ್ಪಿಸಿಕೊಂಡ ಪ್ರಾಣಿ ನರಳುತ್ತದೆಂಬ ಕಾರಣಕ್ಕೇ ಬ್ರಿಟನ್ ತನ್ನಲ್ಲಿ ಬಿಲ್ಲಿನ ಜಿಂಕೆಬೇಟೆಯನ್ನು ನಿಷೇಧಿಸಿದೆ, ಅಲ್ಲಿ ಜಿಂಕೆಗಳು ಅತಿಯಾಗಿವೆ ಎಂಬ ದೂರು ಇದ್ದಾಗ್ಯೂ.

ಪರವಾನಗಿ ಪದ್ಧತಿಯನ್ನು ನಾವು ಪ್ರಯತ್ನಿಸಿಯೇ ನೋಡಿಲ್ಲ ಎನ್ನುವವರು ಚರಿತ್ರೆಯನ್ನು ಮರೆತಿದ್ದಾರೆ. ದಕ್ಷಿಣ ಕನ್ನಡ 1956ರವರೆಗೆ ಮದರಾಸಿನ ಆಡಳಿತದಲ್ಲಿತ್ತು, ಆಮೇಲೆ ಮೈಸೂರು ರಾಜ್ಯಕ್ಕೆ ಸೇರಿತು. ಎರಡೂ ಕಾಲದಲ್ಲಿ ಪರವಾನಗಿ ಪಡೆದು ಶಿಕಾರಿ ಮಾಡುವ ಏರ್ಪಾಡು ಇತ್ತು. ಕಾಗದದ ಮೇಲೆ ಋತುವೂ ಇತ್ತು, ಮಿತಿಯೂ ಇತ್ತು. ಕಾಡಿನೊಳಗೆ ಲೆಕ್ಕ ಕೇಳುವವರು ಇರಲಿಲ್ಲ. ದೇಶದ ಎಲ್ಲೆಡೆ ಹೀಗೆಯೇ ಆಗಿ, ಕಾಡುಗಳು ಬರಿದಾಗುತ್ತ ಬಂದ ಮೇಲೆಯೇ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂದದ್ದು. ಇಂದು ಘಟ್ಟದಲ್ಲಿ ಉಳಿದಿರುವ ಕಡವೆ, ಕಾಟಿಗಳು ಆ ಕಾಯ್ದೆಯ ನೆರಳಲ್ಲಿ ಚೇತರಿಸಿಕೊಂಡವುಗಳ ಸಂತತಿ.

ಸಂಪ್ರದಾಯದ ಮಾತು ಬರುತ್ತದೆ, ಅದನ್ನು ಲಘುವಾಗಿ ತಳ್ಳಿಹಾಕುವಂತಿಲ್ಲ. ತುಳುನಾಡಿನ ಬದುಕಿನಲ್ಲಿ ಬೇಟೆಗೆ ಜಾಗವಿತ್ತು. ಕೋಟಿ ಚೆನ್ನಯರ ಪಾಡ್ದನದಲ್ಲಿ ಎಣ್ಮೂರು, ಪಂಜ ಸೀಮೆಗಳ ವೈರ ಕಾಡುಹಂದಿಯ ಬೇಟೆಯಿಂದಲೇ ಉಲ್ಬಣಿಸುತ್ತದೆ. ಬೆಳೆ ಹಾಳುಗೆಡಹುವ ಅದೇ ಹಂದಿಯನ್ನು ಪಂಜುರ್ಲಿಯಾಗಿ ನಂಬಿ ಕೋಲ ಕೊಡುವವರೂ ನಾವೇ. ಫೆಬ್ರವರಿಯಲ್ಲಿ ಬರುವ ಕೆಡ್ಡಸದ ದಿನಗಳಲ್ಲಿ ಬೇಟೆಗೆ ಹೋಗುವ ರೂಢಿ ಇತ್ತು. ಆದರೆ ಅದೇ ಕೆಡ್ಡಸ ಭೂಮಿಯನ್ನು ಅಗೆಯಬೇಡಿ, ಹಸಿ ಗಿಡ ಕಡಿಯಬೇಡಿ ಎಂದೂ ಹೇಳುತ್ತದೆ. ಬೇಟೆ ನಿಂತ ಮೇಲೂ ಮನೆಮನೆಗಳಲ್ಲಿ ಅಕ್ಕಿ ಹುರಿದು, ಬೆಲ್ಲ ಸೇರಿಸಿ ನನ್ನೇರಿ ಮಾಡಿ ಭೂಮಿಗೆ ಬಡಿಸುತ್ತಾರೆ. ಹಬ್ಬಕ್ಕೆ ಏನೂ ಊನ ಬಂದಿಲ್ಲ. ಕೊಡಗಿನ ಕೈಲ್ ಪೊಳ್ದ್ ಹಬ್ಬ ಆಯುಧ ಪೂಜೆ ಮಾಡಿ ಬೇಟೆಗೆ ಹೊರಡುವ ಹಬ್ಬವಾಗಿತ್ತು. ಈಗ ಅಲ್ಲಿ ತೆಂಗಿನಕಾಯಿಗೆ ಗುಂಡು ಹೊಡೆಯುವ ಸ್ಪರ್ಧೆ ನಡೆಯುತ್ತದೆ, ಕೋವಿಯ ಗೌರವವೂ ಉಳಿದಿದೆ, ಗುರಿಕಾರರ ಹುಮ್ಮಸ್ಸೂ ಉಳಿದಿದೆ. ಕಂಬಳಕ್ಕೆ ಕಾನೂನು ತಿದ್ದುಪಡಿ ತಂದು ಉಳಿಸಿಕೊಂಡಿಲ್ಲವೇ, ಬೇಟೆಗೆ ಯಾಕೆ ಆಗದು ಎಂದು ಕೇಳುವವರಿದ್ದಾರೆ. 2023ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ ಕಂಬಳದ ತಿದ್ದುಪಡಿಯನ್ನು ಎತ್ತಿಹಿಡಿದದ್ದು ನಿಜ, ಅದು ಸಂತೋಷದ ವಿಷಯವೂ ಹೌದು. ಆದರೆ ಕಂಬಳದ ಕೋಣಕ್ಕೆ ಹುರುಳಿ ಬೇಯಿಸಿ ಹಾಕುವ ಯಜಮಾನನಿದ್ದಾನೆ, ಓಟ ಮುಗಿದ ಮೇಲೆ ಅದು ಹಟ್ಟಿಗೆ ಮರಳುತ್ತದೆ. ಕಡವೆಗೆ ಯಜಮಾನನಿಲ್ಲ, ಬೇಟೆಯ ಕೊನೆ ಅದರ ಸಾವು.

ಈಗ ಮುಖ್ಯ ವಿಷಯಕ್ಕೆ ಬರೋಣ. ಸುಳ್ಯ, ಕಡಬ, ಪುತ್ತೂರು, ಬೆಳ್ತಂಗಡಿಯ ಕೃಷಿಕರ ದೂರು ಸುಳ್ಳಲ್ಲ. ಹಂದಿಗಳು ಒಂದು ರಾತ್ರಿ ಗದ್ದೆಗಿಳಿದರೆ ಕಟಾವಿಗೆ ಬಂದ ಭತ್ತ ಮಣ್ಣುಪಾಲು. ಎಳೆ ಅಡಿಕೆ ಸಸಿಯ ಬುಡ ಅಗೆದು ಹಾಕುತ್ತವೆ, ಮರಗೆಣಸು ಉಳಿಯುವುದಿಲ್ಲ. ಮಂಗಗಳು ಎಳನೀರನ್ನೂ ಎಳೆ ಅಡಿಕೆಯನ್ನೂ ಉದುರಿಸುತ್ತವೆ. ನವಿಲು ಬಿತ್ತಿದ ಬೀಜ ಬಿಡುವುದಿಲ್ಲ, ಆನೆ ಬಂದರೆ ಬಾಳೆತೋಟವೇ ಇಲ್ಲ. ಈ ಪಟ್ಟಿಯಲ್ಲಿ ಜಿಂಕೆಯ ಹೆಸರು ಬಹಳ ಕೆಳಗೆ ಬರುತ್ತದೆ ಎಂಬುದನ್ನು ಗಮನಿಸಿ. ಶಿಕಾರಿಗೆ ಹೋಗುವ ತಂಡದ ಕಣ್ಣಿರುವುದು ಕಡವೆಯ ಮೇಲೆ, ಕೃಷಿಕನ ನಿದ್ದೆ ಕೆಡಿಸುವುದು ಹಂದಿ ಮತ್ತು ಮಂಗ. ಮಂಗನನ್ನು ಹೊಡೆಯಲು ಯಾವ ಶಿಕಾರಿಯವನೂ ಶುಲ್ಕ ಕಟ್ಟುವುದಿಲ್ಲ. ಹಾಗಾಗಿ ಬೇಟೆಯ ಋತು ತೆರೆದರೆ ಬೆಳೆ ಉಳಿಯುತ್ತದೆ ಎಂಬ ಮಾತಿನಲ್ಲಿ ಹುರುಳಿಲ್ಲ.

ಕೃಷಿಕನಿಗೆ ಕಾನೂನಿನಲ್ಲಿ ದಾರಿಯೇ ಇಲ್ಲ ಎಂಬುದೂ ಸರಿಯಲ್ಲ. ವನ್ಯಜೀವಿ ಕಾಯ್ದೆಯ 9ನೇ ಸೆಕ್ಷನ್ ಬೇಟೆಯನ್ನು ನಿಷೇಧಿಸುತ್ತದೆ, 11ನೇ ಸೆಕ್ಷನ್ ವಿನಾಯಿತಿ ಕೊಡುತ್ತದೆ. ಎರಡನೇ ಅನುಸೂಚಿಯ ಪ್ರಾಣಿ ಮನುಷ್ಯರಿಗೋ ನಿಂತ ಬೆಳೆಗೋ ಅಪಾಯವಾದರೆ ಅದನ್ನು ಕೊಲ್ಲಲು ಮುಖ್ಯ ವನ್ಯಜೀವಿ ಪರಿಪಾಲಕರೋ ಅವರು ಅಧಿಕಾರ ಕೊಟ್ಟ ಅಧಿಕಾರಿಯೋ ಲಿಖಿತ ಅನುಮತಿ ಕೊಡಬಹುದು. ಕಾಡುಹಂದಿ ಈ ಅನುಸೂಚಿಯಲ್ಲೇ ಇದೆ. ಊನ ಇರುವುದು ಈ ಬಾಗಿಲು ಕೃಷಿಕನ ಅಂಗಳದಿಂದ ತೀರಾ ದೂರ ಇರುವುದರಲ್ಲಿ. ಬೆಳೆ ರಕ್ಷಣೆಗೆಂದೇ ಕೋವಿಗೆ ಲೈಸೆನ್ಸ್ ಕೊಡುವ ಸರ್ಕಾರ, ಅದರಿಂದ ಹಂದಿಗೆ ಗುಂಡು ಹೊಡೆದರೆ ಕೇಸು ಹಾಕುತ್ತದೆ. ಚುನಾವಣೆ ಬಂದಾಗ ಆ ಕೋವಿಯನ್ನೂ ಠೇವಣಿ ಇಡಬೇಕು. ಗಡಿಯಾಚೆ ಕೇರಳ 2022ರಲ್ಲಿ ಇದೇ 11ನೇ ಸೆಕ್ಷನ್ನಿನ ಅಧಿಕಾರವನ್ನು ಸ್ಥಳೀಯ ಸಂಸ್ಥೆಗಳ ಅಧ್ಯಕ್ಷರಿಗೆ ವಹಿಸಿತು. ಎಣ್ಮಕಜೆಯ ಕೃಷಿಕ ತನ್ನ ಪಂಚಾಯತಿನ ಅಧ್ಯಕ್ಷರನ್ನು ಕೇಳಬಹುದಾದದ್ದಕ್ಕೆ ಗಡಿಯ ಈಚೆಗಿನವನು ಅರ್ಜಿ ಹಿಡಿದು ಅಲೆಯಬೇಕು. ಕೇರಳದ ವ್ಯವಸ್ಥೆಗೆ ತನ್ನದೇ ದೋಷಗಳಿವೆ, ಪಂಚಾಯತಿಗೊಬ್ಬ ನುರಿತ ಗುರಿಕಾರ ಸಿಗುವುದೇ ಕಷ್ಟ. ಬಿಹಾರದ ಮೊಕಾಮಾದಲ್ಲಿ 2016ರಲ್ಲಿ ಹೊರಗಿನಿಂದ ಗುರಿಕಾರರನ್ನು ಕರೆಸಿ 200ಕ್ಕೂ ಹೆಚ್ಚು ನೀಲಗಾಯ್‌ಗಳನ್ನು ಕೊಂದಾಗ ಎದ್ದ ವಿವಾದವೂ ಮರೆಯುವಂಥದ್ದಲ್ಲ. ಆದರೂ ಹಾನಿಯಾದ ಜಾಗದಲ್ಲಿ, ಹಾನಿ ಮಾಡಿದ ಪ್ರಾಣಿಯ ಮೇಲೆ, ಹತ್ತಿರದ ಅಧಿಕಾರಿ ತೀರ್ಮಾನ ಮಾಡುವುದು ಒಪ್ಪತಕ್ಕ ತತ್ವ.

ಇನ್ನೊಂದು ಆಕ್ಷೇಪಕ್ಕೆ ನನ್ನಲ್ಲಿ ಪೂರ್ತಿ ಸಮಾಧಾನದ ಉತ್ತರವಿಲ್ಲ. ಕದ್ದು ಬೇಟೆಯಾಡಿದರೆ ಮೂರು ವರ್ಷದವರೆಗೆ, ಅಭಯಾರಣ್ಯದಲ್ಲಾದರೆ ಏಳು ವರ್ಷದವರೆಗೆ ಜೈಲು ಎನ್ನುವ ಕಾಯ್ದೆಯ ಬಲೆಗೆ ಬೀಳುವವನು ಹೆಚ್ಚಾಗಿ ಬಡವ. ನಗರದಿಂದ ಜೀಪಿನಲ್ಲಿ ಬಂದು ಹೋದವರು ಪಾರಾಗುತ್ತಾರೆ, ದಾರಿ ತೋರಿಸಿದ ಕೂಲಿಯವನು ಕೋರ್ಟಿಗೆ ಅಲೆಯುತ್ತಾನೆ. ಇದು ಅನ್ಯಾಯವೇ. ಆದರೆ ಶುಲ್ಕ ಕಟ್ಟಿದವರಿಗೆ ಬೇಟೆ ತೆರೆದರೆ ಆ ಅನ್ಯಾಯ ಕಾನೂನಾಗಿಬಿಡುತ್ತದೆ. ದುಡ್ಡಿದ್ದವನಿಗೆ ಕಡವೆ, ಇಲ್ಲದವನಿಗೆ ಕೇಸು. ತನಿಖೆ ಕೋವಿಯ ಒಡೆಯನ, ವಾಹನದ ಒಡೆಯನ, ಮಾಂಸ ಕೊಂಡವನ ಬಾಗಿಲವರೆಗೂ ಹೋಗಬೇಕು ಎಂದು ಒತ್ತಾಯಿಸುವುದು ಇದಕ್ಕೆ ಸರಿಯಾದ ದಾರಿ.

ಕರಾವಳಿಯ ಶಾಸಕರು ವಿಧಾನಸಭೆಯಲ್ಲಿ ಬೆಳೆಹಾನಿಯ ಪ್ರಶ್ನೆ ಎತ್ತುವಾಗ ಕೇಳಬೇಕಾದದ್ದು ಹೀಗೆ: ಹಂದಿ ಹಾವಳಿಯ ಅರ್ಜಿಯನ್ನು ವಲಯ ಅರಣ್ಯಾಧಿಕಾರಿಯ ಮಟ್ಟದಲ್ಲೇ ದಿನಗಳ ಲೆಕ್ಕದಲ್ಲಿ ಇತ್ಯರ್ಥ ಮಾಡಬೇಕು, ಅಡಿಕೆ ಮರವೊಂದರ ಪರಿಹಾರ ಅದು ಮತ್ತೆ ಫಸಲು ಕೊಡಲು ಹಿಡಿಯುವ ವರ್ಷಗಳನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಕು, ಅನುಮತಿ ಸಿಕ್ಕಲ್ಲಿ ಗುಂಡು ಹೊಡೆಯುವವರು ಇಲಾಖೆಯ ಪಟ್ಟಿಯಲ್ಲಿರುವ ತರಬೇತಾದ ಗುರಿಕಾರರೇ ಆಗಿರಬೇಕು. 39ನೇ ಸೆಕ್ಷನ್ ಪ್ರಕಾರ ಹಾಗೆ ಸತ್ತ ಪ್ರಾಣಿ ಸರ್ಕಾರದ ಸೊತ್ತು. ಮಹಜರು ಬರೆದು, ಕೃಷಿಕನ ಸಮಕ್ಷಮದಲ್ಲೇ ಅದನ್ನು ಹೂಳಬೇಕು. ಗೆಳೆಯರ ತಂಡಕ್ಕೆ ಈ ವ್ಯವಸ್ಥೆಯಲ್ಲಿ ಯಾವ ಪಾತ್ರವೂ ಇರಕೂಡದು, ಕೋವಿ ಹಿಡಿದು ಬಂದರೂ ಸರಿ, ಬಿಲ್ಲು ಹಿಡಿದು ಬಂದರೂ ಸರಿ.