ಒಂದು ಲಕ್ಷ ಆಸನಗಳು ಯಾರಿಗಾಗಿ?

ಇಂಗ್ಲೆಂಡಿನ ಮ್ಯಾಂಚೆಸ್ಟರ್ ಯುನೈಟೆಡ್ ಫುಟ್‌ಬಾಲ್ ಸಂಘವು ತನ್ನ ಹಳೆಯ ಕ್ರೀಡಾಂಗಣವಾದ ಓಲ್ಡ್ ಟ್ರಾಫರ್ಡಿನ ಪಕ್ಕದಲ್ಲಿ ಒಂದು ಲಕ್ಷ ಜನರು ಕುಳಿತು ನೋಡಬಹುದಾದ ಹೊಸ ಕ್ರೀಡಾಂಗಣವೊಂದನ್ನು ಕಟ್ಟುವ ಸಂಕಲ್ಪವನ್ನು 2025ರ ಮಾರ್ಚ್ ತಿಂಗಳಲ್ಲಿ ಪ್ರಕಟಪಡಿಸಿದುದು ವಾಚಕರ ನೆನಪಿನಲ್ಲಿರಬಹುದು. ವೆಚ್ಚವು ಸುಮಾರು 200 ಕೋಟಿ ಪೌಂಡುಗಳೆಂದೂ, ಕಟ್ಟಲು ಐದು ವರ್ಷಗಳು ಸಾಕೆಂದೂ ಅಂದು ಹೇಳಲಾಯಿತು. ಮೂರು ಎತ್ತರವಾದ ಕಂಬಗಳಿಂದ ತೂಗುಬಿದ್ದ, ಛತ್ರಿಯಂತಹ ಮೇಲ್ಛಾವಣಿಯುಳ್ಳ ಮಾದರಿಯ ಚಿತ್ರಗಳು ಲೋಕದ ಪತ್ರಿಕೆಗಳಲ್ಲೆಲ್ಲ ಬಂದವು. ಚಿತ್ರಗಳು ರಮ್ಯವಾಗಿದ್ದವೆಂಬುದರಲ್ಲಿ ಸಂದೇಹವಿಲ್ಲ. ಆದರೆ ಹಣವೆಲ್ಲಿಂದ ಬರುವುದೆಂಬ ಪ್ರಶ್ನೆಗೆ ಮಾತ್ರ ಆ ದಿನ ಖಚಿತವಾದ ಉತ್ತರ ದೊರೆಯಲಿಲ್ಲ.

ಪರದೇಶದ ಒಂದು ಆಟದ ಸಂಘದ ಮನೆವಾರ್ತೆ ನಮಗೇಕೆ ಎಂದು ಕೇಳುವವರೂ ಉಂಟು. ಮ್ಯಾಂಚೆಸ್ಟರಿನ ಹೆಸರು ನಮ್ಮ ನಾಡಿನ ನೇಕಾರರಿಗೆ ಎಂದೂ ಪರಕೀಯವಾಗಿರಲಿಲ್ಲವೆಂಬುದನ್ನು ಅಂತಹವರಿಗೆ ಜ್ಞಾಪಿಸುತ್ತೇವೆ. ಆ ಪ್ರಾಂತದ ಗಿರಣಿ ಬಟ್ಟೆಯೇ ನಮ್ಮ ಮಗ್ಗಗಳನ್ನು ಮೂಲೆಗೆ ತಳ್ಳಿತು. 1931ರಲ್ಲಿ ಮಹಾತ್ಮ ಗಾಂಧಿಯವರು ಲ್ಯಾಂಕಾಶೈರಿನ ಗಿರಣಿ ಕೆಲಸಗಾರರ ನಡುವೆ ನಿಂತು ನಮ್ಮ ಪಕ್ಷವನ್ನು ಹೇಳಿಬಂದರು. ಹತ್ತಿ ಸಾಗಿಸುವ ಹಡಗುಗಳಿಗಾಗಿ 1894ರಲ್ಲಿ ತೆರೆಯಲ್ಪಟ್ಟ ಮ್ಯಾಂಚೆಸ್ಟರ್ ಹಡಗು ಕಾಲುವೆಯ ಮೂಲಕವೇ ಹೊಸ ಕ್ರೀಡಾಂಗಣದ ಸಿದ್ಧ ಭಾಗಗಳನ್ನು ತರುವುದಾಗಿ ಈಗಿನ ಯೋಜಕರು ಹೇಳಿದ್ದಾರೆ. ಗಿರಣಿಗಳು ಮುಚ್ಚಿದವು, ಕಾಲುವೆ ಉಳಿಯಿತು, ಕಾಲ್ಚೆಂಡೇ ಆ ಊರಿನ ಮುಖ್ಯ ರಫ್ತಾಯಿತು. ಅಲ್ಲಿನ ಪಂದ್ಯಗಳನ್ನು ರಾತ್ರಿ ನಿದ್ದೆಗೆಟ್ಟು ನೋಡುವ ತರುಣರು ಬೆಂಗಳೂರಿನಲ್ಲಿಯೂ ಮಂಗಳೂರಿನಲ್ಲಿಯೂ ಎಷ್ಟು ಮಂದಿ ಇರುವರೆಂಬುದನ್ನು ಅವರ ತಾಯಿತಂದೆಗಳೇ ಬಲ್ಲರು.

ಕ್ರೀಡಾಂಗಣವನ್ನು ಹಿಗ್ಗಿಸಬೇಕೆ ಎಂಬ ಪ್ರಶ್ನೆಗೆ ನಮ್ಮ ಉತ್ತರ, ಹಿಗ್ಗಿಸಬೇಕೆಂಬುದೇ. ಇದನ್ನು ಮೊದಲೇ ಹೇಳಿಬಿಡುವುದು ಲೇಸು. ಏಕೆಂದರೆ ಈ ಸಂಘದ ಮಟ್ಟಿಗೆ ಜನರು ಬಾರದೆ ಆಸನಗಳು ಬರಿದಾಗಿ ಉಳಿಯುವುವೆಂಬ ಭಯಕ್ಕೆ ಆಧಾರವಿಲ್ಲ. 1989ರಲ್ಲಿ ಷೆಫೀಲ್ಡಿನ ಹಿಲ್ಸ್‌ಬರೋ ಅಂಗಣದಲ್ಲಿ ನೂಕುನುಗ್ಗಲಿಗೆ ಸಿಕ್ಕಿ 97 ಮಂದಿ ಪ್ರಾಣ ಕಳೆದುಕೊಂಡ ಮೇಲೆ, ನ್ಯಾಯಮೂರ್ತಿ ಟೇಲರ್ ಅವರ 1990ರ ವರದಿಯ ಪ್ರಕಾರ ದೊಡ್ಡ ಸಂಘಗಳು ನಿಂತು ನೋಡುವ ಮೆಟ್ಟಿಲುಗಳನ್ನು ತೆಗೆದು ಆಸನಗಳನ್ನು ಹಾಕಬೇಕಾಯಿತು. ಅದರಿಂದ ಓಲ್ಡ್ ಟ್ರಾಫರ್ಡಿನಲ್ಲಿ ಹಿಡಿಯುವ ಜನರ ಸಂಖ್ಯೆ ಸುಮಾರು 44 ಸಾವಿರಕ್ಕೆ ಇಳಿಯಿತು. ಅಲ್ಲಿಂದ 1996ರಲ್ಲಿ 55 ಸಾವಿರ, 2000ದಲ್ಲಿ 68 ಸಾವಿರ, 2006ರಲ್ಲಿ 76 ಸಾವಿರ, ಹೀಗೆ ಮೂರು ಸಲ ಏರಿಸಿದರು. ಮೂರು ಸಲವೂ ಆಸನಗಳು ತುಂಬಿದವು. 2025ರ ಮೇ ತಿಂಗಳಲ್ಲಿ ತಂಡವು ಲೀಗಿನಲ್ಲಿ ಹದಿನೈದನೆಯ ಸ್ಥಾನಕ್ಕೆ ಕುಸಿದು ಋತುವನ್ನು ಮುಗಿಸಿತಷ್ಟೆ. ಅಂತಹ ವರ್ಷದಲ್ಲಿಯೂ ಪ್ರೇಕ್ಷಕರು ಕೈಬಿಡಲಿಲ್ಲ. ಸೋತ ದೊರೆಯ ಸೈನ್ಯಕ್ಕೂ ಇಷ್ಟು ನಿಷ್ಠೆ ಇರುವುದು ಅಪರೂಪ.

ಹಳೆಯ ಕಟ್ಟಡದ ಸ್ಥಿತಿಯೂ ಚೆನ್ನಾಗಿಲ್ಲ. 2024ರ ಮೇ ತಿಂಗಳಲ್ಲಿ ಆರ್ಸೆನಲ್ ತಂಡದ ಎದುರಿನ ಪಂದ್ಯದ ದಿನ ಬಿರುಮಳೆಗೆ ಮಾಡಿನಿಂದ ನೀರು ಜಲಪಾತದಂತೆ ಧುಮುಕಿದುದನ್ನು ಜಗತ್ತೆಲ್ಲ ಕಂಡಿತು. ದಕ್ಷಿಣದ ಪಾರ್ಶ್ವದ ಹಿಂದೆಯೇ ರೈಲು ಮಾರ್ಗವಿರುವುದರಿಂದ ಆ ಕಡೆ ಬೆಳೆಸಲು ಎಡೆ ಇಲ್ಲ. 1878ರಲ್ಲಿ ರೈಲ್ವೆಯ ಕೆಲಸಗಾರರೇ ನ್ಯೂಟನ್ ಹೀತಿನಲ್ಲಿ ಕಟ್ಟಿಕೊಂಡ ಸಂಘಕ್ಕೆ ಈಗ ರೈಲಿನ ಹಳಿಯೇ ಅಡ್ಡಿಯಾಗಿರುವುದು ವಿಧಿಯ ವಿನೋದವಲ್ಲದೆ ಮತ್ತೇನು?

ವಿನೋದ ಇಲ್ಲಿಗೆ ಮುಗಿಯುವುದಿಲ್ಲ. 1910ರಲ್ಲಿ ಓಲ್ಡ್ ಟ್ರಾಫರ್ಡನ್ನು ತೆರೆದಾಗಲೂ ವಾಸ್ತುಶಿಲ್ಪಿ ಆರ್ಚಿಬಾಲ್ಡ್ ಲೀಚನ ಮೂಲ ನಕ್ಷೆಯಲ್ಲಿದ್ದುದು ಒಂದು ಲಕ್ಷ ಜನರೇ! ಅಂದಿನ ಅಧ್ಯಕ್ಷ ಜಾನ್ ಹೆನ್ರಿ ಡೇವಿಸ್ 60 ಸಾವಿರ ಪೌಂಡು ಒದಗಿಸಿದ್ದನು. ಲೆಕ್ಕ ಮಾಡಿ ನೋಡಿದಾಗ ಅಷ್ಟು ದೊಡ್ಡ ಕಟ್ಟಡಕ್ಕೆ ಮತ್ತೂ 30 ಸಾವಿರ ಪೌಂಡು ಬೇಕಾಗುವಂತೆ ಕಂಡಿತು. ಆದುದರಿಂದ ಸಂಖ್ಯೆಯನ್ನು ಸುಮಾರು 80 ಸಾವಿರಕ್ಕೆ ಇಳಿಸಿದರು. ಹಾಸಿಗೆಯಿದ್ದಷ್ಟು ಕಾಲು ಚಾಚಿದ ಆ ಮದ್ಯ ವ್ಯಾಪಾರಿಯ ವಿವೇಕವು ಇಂದಿನವರಲ್ಲಿ ಉಂಟೇ ಎಂಬುದೇ ಪ್ರಶ್ನೆ. 1941ರ ಮಾರ್ಚಿನಲ್ಲಿ ಜರ್ಮನರ ಬಾಂಬು ಬಿದ್ದು ಅಂಗಣವು ಹಾಳಾಯಿತು. 1949ರವರೆಗೆ ಸಂಘವು ನೆರೆಯ ಮ್ಯಾಂಚೆಸ್ಟರ್ ಸಿಟಿಯವರ ಮೇನ್ ರೋಡಿನಲ್ಲಿ ಬಾಡಿಗೆಗೆ ಆಡಿತು. ಆ ಬಾಡಿಗೆ ಮನೆಯಲ್ಲಿಯೇ 1948ರ ಜನವರಿ 17ರಂದು 83,260 ಮಂದಿ ಬಂದು ನೋಡಿದರು. ಜನರು ಬರುವುದು ಛತ್ರಿಯಾಕಾರದ ಮಾಡನ್ನು ನೋಡುವುದಕ್ಕಲ್ಲ.

ಈಗ ಹಣದ ವಿಷಯ. ನಮ್ಮ ವಾಚಕರಲ್ಲಿ ಹಲವರು ಖಜಾನೆಯ ಲೆಕ್ಕವನ್ನು ಬಲ್ಲವರು. ಅವರೊಡನೆಯೇ ಕುಳಿತು ಲೆಕ್ಕ ಹಾಕೋಣ. ಈಗಿರುವ ಆಸನಗಳು ಸುಮಾರು 74 ಸಾವಿರ. ಒಂದು ಲಕ್ಷವಾದರೆ ಹೆಚ್ಚುವುದು 26 ಸಾವಿರ. 2024ರ ಚಳಿಗಾಲದಲ್ಲಿ ಋತುವಿನ ನಡುವೆಯೇ ಸಂಘವು ಉಳಿದ ಚೀಟಿಗಳಿಗೆ ಕನಿಷ್ಠ ದರವನ್ನು 66 ಪೌಂಡಿಗೆ ಏರಿಸಿ, ಮಕ್ಕಳಿಗೂ ವೃದ್ಧರಿಗೂ ಇದ್ದ ರಿಯಾಯಿತಿಯನ್ನು ಕಿತ್ತುಹಾಕಿ ಜನರ ಕೋಪಕ್ಕೆ ಗುರಿಯಾಯಿತು. ಆ ಏರಿಸಿದ ದರವನ್ನೇ ಹಿಡಿಯೋಣ. ವರ್ಷಕ್ಕೆ ಸ್ವಂತ ಅಂಗಣದಲ್ಲಿ 25 ಪಂದ್ಯಗಳೆಂದೂ, ಒಂದು ಆಸನವೂ ಬರಿದಾಗದೆಂದೂ ಉದಾರವಾಗಿ ಒಪ್ಪೋಣ. ಬರುವುದು 4 ಕೋಟಿ 29 ಲಕ್ಷ ಪೌಂಡು. 200 ಕೋಟಿ ಪೌಂಡನ್ನು ಸಾಲವಾಗಿ ತಂದು, ನೂರಕ್ಕೆ ಐದರಂತೆ ಬಡ್ಡಿ ಕಟ್ಟಿದರೆ ವರ್ಷಕ್ಕೆ ಹೋಗುವುದು 10 ಕೋಟಿ. ಅಸಲಿನ ಮಾತು ಹಾಗಿರಲಿ, ಹೊಸ ಆಸನಗಳ ಚೀಟಿಯಿಂದ ಬಡ್ಡಿಯ ಅರ್ಧವೂ ಹುಟ್ಟುವುದಿಲ್ಲ.

ಯೋಜನೆಯ ಪಕ್ಷದವರು ಇದಕ್ಕೆ ಸಮಾಧಾನ ಹೇಳದೆ ಇರಲಾರರು. ಹೊಸ ಕಟ್ಟಡದಲ್ಲಿ ಊಟ ಉಪಚಾರಗಳುಳ್ಳ ಕೋಣೆಗಳಿರುತ್ತವೆ, ಸಂಗೀತ ಸಭೆಗಳು ನಡೆಯುತ್ತವೆ, ಕ್ರೀಡಾಂಗಣದ ಹೆಸರನ್ನೇ ಯಾವುದಾದರೊಂದು ಕಂಪನಿಗೆ ಮಾರಬಹುದು ಎನ್ನುವರು. ಅದು ಸುಳ್ಳಲ್ಲ. ಲಂಡನ್ನಿನ ಟಾಟೆನ್‌ಹ್ಯಾಮ್ ಸಂಘವು ಸುಮಾರು ನೂರು ಕೋಟಿ ಪೌಂಡು ಸುರಿದು 2019ರಲ್ಲಿ ತೆರೆದ ಅಂಗಣದಲ್ಲಿ ಅಮೆರಿಕದವರ ಆಟವನ್ನೂ ಮುಷ್ಟಿಯುದ್ಧವನ್ನೂ ಗಾಯಕರ ಮೇಳಗಳನ್ನೂ ನಡೆಸಿ ಹಣ ಗಳಿಸುತ್ತಿರುವುದು ಎಲ್ಲರಿಗೂ ಗೊತ್ತಿದೆ. ಆದರೆ ಈ ಸಮಾಧಾನವೇ ನಮ್ಮ ಸಂಶಯವನ್ನು ದೃಢಪಡಿಸುತ್ತದೆ. ಸಾಮಾನ್ಯ ಪ್ರೇಕ್ಷಕನ ಹೆಸರಿನಲ್ಲಿ ಕಟ್ಟಡವೇಳುವುದು. ಅದರ ಸಾಲ ತೀರಬೇಕಾದುದು ಮಾತ್ರ ಸಿರಿವಂತನ ಕೋಣೆಯಿಂದ. ಸಾಲಗಾರನ ದೃಷ್ಟಿ ಎತ್ತ ಹೊರಳುವುದೆಂಬುದನ್ನು ಬಿಡಿಸಿ ಹೇಳಬೇಕಾಗಿಲ್ಲ. ಇಂದು ನಾಲ್ಕು ಸಾಲಿನ ಬೆಂಚುಗಳಿರುವಲ್ಲಿ ನಾಳೆ ಒಂದು ಮೆತ್ತೆಯ ಕುರ್ಚಿ ಬರುವುದು. ಅಪ್ಪನ ಕೈ ಹಿಡಿದು ಬರುತ್ತಿದ್ದ ಸಾಲ್‌ಫರ್ಡಿನ ಹುಡುಗನು ಹೊರಗೆ ನಿಲ್ಲುವನು.

ಸಾಲವೆಂಬುದು ಈ ಸಂಘಕ್ಕೆ ಹೊಸ ವಸ್ತುವೂ ಅಲ್ಲ. 2005ರಲ್ಲಿ ಅಮೆರಿಕದ ಗ್ಲೇಜರ್ ಕುಟುಂಬದವರು 79 ಕೋಟಿ ಪೌಂಡಿನ ಬೆಲೆಗೆ ಸಂಘವನ್ನು ಕೊಂಡರು. ಕೊಂಡ ಹಣದಲ್ಲಿ ಬಹುಭಾಗವು ಸಾಲ. ಆ ಸಾಲದ ಹೊರೆಯನ್ನು ಹೊತ್ತದ್ದು ಮಾರಲ್ಪಟ್ಟ ಸಂಘವೇ! ಎತ್ತನ್ನು ಕೊಂಡವನು ಎತ್ತಿನ ಬೆಲೆಯನ್ನು ಎತ್ತಿನ ದುಡಿಮೆಯಿಂದಲೇ ವಸೂಲು ಮಾಡಿದ ಹಾಗೆ. ಅಂದಿನಿಂದ ಇಪ್ಪತ್ತು ವರ್ಷಗಳ ಕಾಲ ಬಡ್ಡಿಗೆ ಹೋದ ಹಣದಲ್ಲಿ ಒಂದು ಪಾಲು ಮಾಡಿನ ರಿಪೇರಿಗೆ ಹೋಗಿದ್ದರೆ 2024ರ ಜಲಪಾತವನ್ನು ಜಗತ್ತು ಕಾಣಬೇಕಾಗಿರಲಿಲ್ಲ. 2024ರಲ್ಲಿ ನಾಲ್ಕನೆಯ ಒಂದು ಭಾಗಕ್ಕಿಂತ ತುಸು ಹೆಚ್ಚಿನ ಪಾಲನ್ನು ಕೊಂಡು ಆಡಳಿತಕ್ಕೆ ಕೈಹಾಕಿದ ಸರ್ ಜಿಮ್ ರಾಟ್‌ಕ್ಲಿಫ್ ಅವರು ಮಿತವ್ಯಯದ ಹೆಸರಿನಲ್ಲಿ ಆ ವರ್ಷ ಸುಮಾರು 250 ನೌಕರರನ್ನು ಮನೆಗೆ ಕಳುಹಿಸಿದರು. ಮುಂದಿನ ವರ್ಷ ಮತ್ತೆ ಇನ್ನೂರರವರೆಗೆ ಕಡಿತ ಮಾಡುವುದಾಗಿ ಸಾರಿದರು. ಗುಮಾಸ್ತೆಯ ಸಂಬಳಕ್ಕೆ ಹಣವಿಲ್ಲದ ಮನೆಯಲ್ಲಿ 200 ಕೋಟಿಯ ಸೌಧದ ನಕ್ಷೆ ಬಿಚ್ಚುವುದನ್ನು ನಾವು ಹೇಗೆ ಅರ್ಥಮಾಡಿಕೊಳ್ಳಬೇಕು?

ದೊಡ್ಡದಾಗಿ ಕಟ್ಟಿದವರ ಅನುಭವವೂ ಕಣ್ಣ ಮುಂದಿದೆ. ಆರ್ಸೆನಲ್ ಸಂಘವು 2006ರಲ್ಲಿ 38 ಸಾವಿರದ ಹೈಬರಿಯನ್ನು ಬಿಟ್ಟು 60 ಸಾವಿರದ ಹೊಸ ಅಂಗಣಕ್ಕೆ ಹೋಯಿತು. ವೆಚ್ಚ 39 ಕೋಟಿ ಪೌಂಡು. 2005ರಲ್ಲಿ ಕಪ್ಪು ಗೆದ್ದ ಆ ತಂಡವು ಮುಂದಿನ ಕಪ್ಪನ್ನು ಕಂಡುದು 2014ರಲ್ಲಿ. ನಡುವಿನ ವರ್ಷಗಳಲ್ಲಿ ಒಬ್ಬೊಬ್ಬನಾಗಿ ಉತ್ತಮ ಆಟಗಾರರು ಹೊರಟುಹೋದರು. ಬಾರ್ಸಿಲೋನಾದವರು 2023ರಲ್ಲಿ ತಮ್ಮ ಅಂಗಣವನ್ನು ಬಿಟ್ಟು ಗುಡ್ಡದ ಮೇಲಿನ ಪರಸ್ಥಳಕ್ಕೆ ಹೋದರು. 2024ರ ಕೊನೆಗೆ ಹಿಂತಿರುಗುವೆವೆಂದವರು ಹಿಂತಿರುಗಿದುದು 2025ರ ನವೆಂಬರಿನಲ್ಲಿ, ಅದೂ ಅರ್ಧ ಮುಗಿದ ಕಟ್ಟಡಕ್ಕೆ.

ಲಿವರ್‌ಪೂಲಿನವರ ದಾರಿ ಬೇರೆ. ಪಕ್ಕದ ಉದ್ಯಾನದಲ್ಲಿ ಹೊಸದಾಗಿ ಕಟ್ಟುವ ಮಾತು ಅಲ್ಲಿಯೂ ವರ್ಷಗಟ್ಟಲೆ ನಡೆದಿತ್ತು. ಅದನ್ನು ಕೈಬಿಟ್ಟು, ಆ್ಯನ್‌ಫೀಲ್ಡಿನ ಒಂದು ಪಾರ್ಶ್ವವನ್ನು 2016ರಲ್ಲಿಯೂ ಇನ್ನೊಂದನ್ನು 2024ರಲ್ಲಿಯೂ ಎತ್ತರಿಸಿದರು. ನಡುವೆ 2023ರಲ್ಲಿ ಕಂತ್ರಾಟುದಾರ ಕಂಪನಿಯೇ ದಿವಾಳಿಯೆದ್ದಿತು. ಆದರೂ ಆಟ ನಿಲ್ಲಲಿಲ್ಲ, ಊರು ಬಿಡಲಿಲ್ಲ. ಇಂದು ಅಲ್ಲಿ ಸುಮಾರು 61 ಸಾವಿರ ಮಂದಿ ಹಿಡಿಯುತ್ತಾರೆ. ಜಾತ್ರೆ ದೊಡ್ಡದಾಯಿತೆಂದು ನಮ್ಮ ಹಿರಿಯರು ಗರ್ಭಗುಡಿಯನ್ನು ಕೆಡವಲಿಲ್ಲ. ಹೊರಗಿನ ಪ್ರಾಕಾರವನ್ನು ಬೆಳೆಸಿದರು. ಓಲ್ಡ್ ಟ್ರಾಫರ್ಡನ್ನು ಕೆಡವದೆ ಸುಮಾರು 87 ಸಾವಿರಕ್ಕೆ ಏರಿಸುವ ಮಾರ್ಗವೂ ಸಂಘದ ಮುಂದೆ ಇತ್ತು. ರೈಲು ಹಳಿಯಿಂದ ಅದು ಕಷ್ಟಸಾಧ್ಯವಾದರೂ, ನಮಗೆ ಆ ಮಾರ್ಗವೇ ಹೆಚ್ಚು ವಿವೇಕದ್ದಾಗಿ ತೋರುತ್ತದೆ.

ಸರಕಾರದ ಪಾತ್ರವನ್ನು ಕುರಿತೂ ಎರಡು ಮಾತು ಅವಶ್ಯ. ಸುತ್ತಲಿನ ಪ್ರದೇಶದ ಪುನರುದ್ಧಾರಕ್ಕೆ ಬ್ರಿಟಿಷ್ ಅರ್ಥಸಚಿವರು 2025ರಲ್ಲಿ ಬೆಂಬಲ ಸೂಚಿಸಿದರು. ಕ್ರೀಡಾಂಗಣಕ್ಕೆ ಮಾತ್ರ ಸರಕಾರದ ಹಣ ಬೇಡವೆಂದು ಸಂಘವು ಹೇಳಿದೆ. ಆ ಮಾತು ಶ್ಲಾಘ್ಯ. 92 ಸಾವಿರ ಉದ್ಯೋಗಗಳು, 17 ಸಾವಿರ ಮನೆಗಳು, ದೇಶಕ್ಕೆ ವರ್ಷಂಪ್ರತಿ 730 ಕೋಟಿ ಪೌಂಡುಗಳ ಲಾಭ ಎಂಬ ಅಂಕಿಗಳನ್ನೂ ಯೋಜನೆಯೊಡನೆ ಪ್ರಕಟಿಸಿದರು. ಮದುವೆಯ ಮುನ್ನ ದಲ್ಲಾಳಿ ಹೇಳುವ ಆಸ್ತಿಯ ಲೆಕ್ಕವನ್ನು ಕೇಳಿ ಬಲ್ಲವರು ಇಂತಹ ಅಂಕಿಗಳನ್ನು ನಂಬುವ ಮೊದಲು ಪತ್ರಗಳನ್ನು ಕೇಳುತ್ತಾರೆ. 2012ರ ಒಲಿಂಪಿಕ್ಸಿಗಾಗಿ ಸಾರ್ವಜನಿಕ ಹಣದಿಂದ ಎದ್ದ ಲಂಡನ್ನಿನ ಕ್ರೀಡಾಂಗಣವನ್ನು ಫುಟ್‌ಬಾಲಿಗೆ ಮಾರ್ಪಡಿಸಲು 30 ಕೋಟಿ ಪೌಂಡಿಗೆ ಮೇಲ್ಪಟ್ಟು ಹಣ ಹೋಯಿತು. 2016ರಲ್ಲಿ ಅಲ್ಲಿ 99 ವರ್ಷಗಳ ಒಪ್ಪಂದದ ಮೇಲೆ ಒಕ್ಕಲಾದ ವೆಸ್ಟ್ ಹ್ಯಾಮ್ ಸಂಘಕ್ಕೆ ಗೊತ್ತಾದ ಬಾಡಿಗೆ ವರ್ಷಕ್ಕೆ 25 ಲಕ್ಷ ಪೌಂಡಿನ ಆಸುಪಾಸು. ತೆರಿಗೆ ಕೊಟ್ಟವನ ಪಾಲಿಗೆ ಇದು ಯಾವ ವ್ಯಾಪಾರ?

ಜನಸಂಖ್ಯೆ ಹೆಚ್ಚಿಸುವವರು ಬಾಗಿಲುಗಳ ಚಿಂತೆಯನ್ನೂ ಮಾಡಬೇಕು. ಮ್ಯಾಂಚೆಸ್ಟರಿಗೆ ಸಮೀಪದ ಬೋಲ್ಟನ್ನಿನಲ್ಲಿ 1946ರ ಮಾರ್ಚ್ 9ರಂದು 33 ಮಂದಿ ನೂಕಿಗೆ ಸಿಕ್ಕಿ ಸತ್ತರು. ನಮ್ಮ ಬೆಂಗಳೂರಿನ ಚಿನ್ನಸ್ವಾಮಿ ಕ್ರೀಡಾಂಗಣದಲ್ಲಿ 2025ರ ಜೂನ್ 4ರಂದು 11 ಮಂದಿ ಪ್ರಾಣ ಬಿಟ್ಟುದು ಒಳಗಿನ ಆಸನಗಳಲ್ಲಲ್ಲ, ಹೊರಗಿನ ಬಾಗಿಲುಗಳ ಬಳಿಯಲ್ಲಿ. ಒಂದು ಲಕ್ಷ ಜನರನ್ನು ಕುಳ್ಳಿರಿಸುವುದು ಸುಲಭ. ಅವರನ್ನು ಒಂದೇ ಗಂಟೆಯಲ್ಲಿ ರೈಲು ನಿಲ್ದಾಣಕ್ಕೆ ಮುಟ್ಟಿಸುವುದು ಬೇರೆ ವಿದ್ಯೆ.

ದೊಡ್ಡದೂ ಜನರದ್ದೂ ಆಗಿರುವ ಅಂಗಣವು ಅಸಾಧ್ಯವೇನಲ್ಲ. ಜರ್ಮನಿಯ ಡಾರ್ಟ್‌ಮುಂಡಿನಲ್ಲಿ 81 ಸಾವಿರ ಮಂದಿ ಹಿಡಿಯುವ ಕ್ರೀಡಾಂಗಣವಿದೆ. ಅದರ ದಕ್ಷಿಣದ ಪಾರ್ಶ್ವದಲ್ಲಿ ಸುಮಾರು 25 ಸಾವಿರ ಜನರು ಕಡಮೆ ದರದಲ್ಲಿ ನಿಂತೇ ನೋಡುತ್ತಾರೆ. ಆ ದೇಶದ ನಿಯಮದಂತೆ ಸಂಘಗಳಲ್ಲಿ ಮತಾಧಿಕಾರದ ಬಹುಮತವು ಸಾಮಾನ್ಯವಾಗಿ ಸದಸ್ಯರ ಕೈಯಲ್ಲಿಯೇ ಇರತಕ್ಕದ್ದು. ಹೊರಗಿನ ಬಂಡವಾಳಗಾರನು ಒಂದು ಬೆಳಗ್ಗೆ ಎದ್ದು ಚೀಟಿಯ ಬೆಲೆ ಏರಿಸುವುದು ಅಲ್ಲಿ ಅಷ್ಟು ಸುಲಭವಲ್ಲ. ಇಂಗ್ಲೆಂಡಿನಲ್ಲಿಯೂ 2022ರಿಂದ, ಕಂಬಿ ಹಾಕಿ ಸುರಕ್ಷಿತವಾಗಿ ನಿಂತು ನೋಡುವ ಜಾಗಗಳಿಗೆ ಅನುಮತಿಯುಂಟು. ಹೊಸದಾಗಿ ಬರುವ 26 ಸಾವಿರದಲ್ಲಿ ಹತ್ತು ಸಾವಿರವನ್ನಾದರೂ ಹೀಗೆ ಅಗ್ಗದ ಜಾಗವಾಗಿ ಇಟ್ಟು, ಇಪ್ಪತ್ತು ವರ್ಷಗಳವರೆಗೆ ದರವನ್ನು ಪತ್ರಮುಖೇನ ಗೊತ್ತುಮಾಡಿದರೆ ನಮ್ಮ ಆಕ್ಷೇಪಣೆಯ ಬಹುಭಾಗವು ತಾನಾಗಿಯೇ ಇಲ್ಲವಾಗುವುದು.

ಅಂತಹ ಪತ್ರಕ್ಕೆ ಸಹಿ ಬೀಳುವುದಕ್ಕೆ ಮುಂಚೆ ಮಾಲೀಕರು ತಮ್ಮ ಜೇಬಿನಿಂದ ಹಾಕುವ ಬಂಡವಾಳವೆಷ್ಟು, ಸಂಘದ ಹೆಸರಿನಲ್ಲಿ ಎತ್ತುವ ಸಾಲವೆಷ್ಟು, ಬಡ್ಡಿಯ ದರವೇನು ಎಂಬ ಮೂರು ಸಂಗತಿಗಳನ್ನು ಋತುಚೀಟಿ ಪಡೆದವರ ಮುಂದೆ ಇಡುವುದು ಸಂಘದ ಕರ್ತವ್ಯ. ಅದಾಗದೆ ಒಂದು ಗುದ್ದಲಿ ಮಣ್ಣನ್ನೂ ತೆಗೆಯಕೂಡದೆಂದು ಮ್ಯಾಂಚೆಸ್ಟರಿನ ಪ್ರೇಕ್ಷಕರು ಪಟ್ಟು ಹಿಡಿದರೆ ನಾವು ಅವರ ಪಕ್ಷವೇ.