ಮರೆವಿನ ಕಾಯಿಲೆಯ ಆರೈಕೆ: ಕಿರ್ದಿಗೆ ಬಾರದ ಖರ್ಚು

ಅರವತ್ತಕ್ಕೆ ಅರಳುಮರಳು ಎಂದು ನಕ್ಕು ಸುಮ್ಮನಾಗುವುದು ವಾಡಿಕೆ. ಬ್ರೂಸ್‌ಪೇಟೆಯ ಅಂಗಡಿಯೊಂದರಲ್ಲಿ ಹಿರಿಯ ಮಾಲೀಕರು ವಸೂಲಾದ ಉದ್ರಿಯನ್ನು ಮತ್ತೆ ಕೇಳಿದರೆ, ಒಂದೇ ಬಿಲ್ಲಿಗೆ ಎರಡು ಚೆಕ್ ಬರೆದರೆ, ಮನೆಯವರು ಅದನ್ನು ವಯಸ್ಸಿನ ಮರೆವೆಂದೇ ಎಣಿಸುತ್ತಾರೆ. ಅದು ಡಿಮೆನ್ಷಿಯಾದ ಮೊದಲ ಸೂಚನೆಯೂ ಆಗಿರಬಹುದು.

ಅರವತ್ತು ದಾಟಿದ ಭಾರತೀಯರಲ್ಲಿ ಶೇ. 7.4ರಷ್ಟು, ಅಂದರೆ ಸುಮಾರು 88 ಲಕ್ಷ ಜನರಿಗೆ ಈ ಕಾಯಿಲೆ ಇದೆಯೆಂದು 2023ರಲ್ಲಿ ಪ್ರಕಟವಾದ ರಾಷ್ಟ್ರೀಯ ಅಧ್ಯಯನವೊಂದು ಅಂದಾಜಿಸಿತು. ಇವರಲ್ಲಿ ಬಹುಪಾಲು ಜನರ ಆರೈಕೆ ಮನೆಯಲ್ಲಿಯೇ ನಡೆಯುತ್ತದೆ, ಮುಂದೆಯೂ ಅಲ್ಲಿಯೇ ನಡೆಯಲಿದೆ. ಪರಿಚಿತ ಗೋಡೆ, ಪರಿಚಿತ ಧ್ವನಿ ರೋಗಿಗೆ ನೆಮ್ಮದಿ ಕೊಡುವುದರಿಂದ ಅದು ಸರಿಯಾದುದೇ. ಆದರೆ ಮನೆಯ ಆರೈಕೆ ಎಂಬುದು ವಾಸ್ತವದಲ್ಲಿ ಹೆಂಡತಿಯ ಅಥವಾ ಸೊಸೆಯ ಹಗಲಿರುಳಿನ ದುಡಿಮೆ. ಹಮಾಲಿ, ಬಡ್ಡಿ, ವಿದ್ಯುತ್ತಿಗೆ ಪೈಸೆ ಲೆಕ್ಕವಿಡುವ ವರ್ತಕರ ಕಿರ್ದಿಯಲ್ಲಿ ಈ ದುಡಿಮೆಗೆ ಒಂದು ಸಾಲೂ ಇಲ್ಲ. ಸರಕಾರದ ಲೆಕ್ಕವೂ ಭಿನ್ನವಲ್ಲ. 1961ರ ಆದಾಯ ತೆರಿಗೆ ಕಾಯ್ದೆಯ 80ಡಿಡಿಬಿ ಕಲಮು ತೀವ್ರ ಡಿಮೆನ್ಷಿಯಾ ಇರುವ ಅವಲಂಬಿತ ಹಿರಿಯರಿಗಾಗಿ 1 ಲಕ್ಷ ರೂಪಾಯಿವರೆಗೆ ಕಡಿತ ನೀಡಿತು. ಅದು ಚಿಕಿತ್ಸೆಯ ವೆಚ್ಚಕ್ಕೆ. ಈ ಕಾಯಿಲೆಯಲ್ಲಿ ಔಷಧಿಗಿಂತ ಹೆಚ್ಚು ಬೇಕಾಗುವುದು ಜೊತೆಗಿರುವ ಮನುಷ್ಯರು.

ವ್ಯವಹಾರಸ್ಥರು ತಡಮಾಡಬಾರದ ಸಂಗತಿ ಇನ್ನೊಂದಿದೆ. 1872ರ ಕರಾರು ಕಾಯ್ದೆಯ 201ನೇ ಕಲಮಿನಂತೆ, ಅಧಿಕಾರಪತ್ರ ಬರೆದುಕೊಟ್ಟವರು ಅಸ್ವಸ್ಥಚಿತ್ತರಾದರೆ ಆ ಅಧಿಕಾರ ಅಲ್ಲಿಗೇ ಮುಗಿಯುತ್ತದೆ. ಮಗನ ಹೆಸರಿಗೆ ಜಿಪಿಎ ಇದೆಯೆಂಬ ಧೈರ್ಯ ಬೇಕಾದ ದಿನವೇ ಕೈಕೊಡಬಹುದು. ಪಾಲುದಾರಿಕೆ ಪತ್ರ, ಬ್ಯಾಂಕ್ ಖಾತೆಗಳ ಏರ್ಪಾಡನ್ನು ಹಿರಿಯರ ಬುದ್ಧಿ ಸ್ಥಿಮಿತದಲ್ಲಿರುವಾಗಲೇ, ಅವರ ಒಪ್ಪಿಗೆಯಿಂದಲೇ ಮಾಡಿಕೊಳ್ಳುವುದು ಕ್ಷೇಮ.

ಇಂಥ ಕೆಲಸಕ್ಕೆ ಬಳ್ಳಾರಿ ಹೊಸದಲ್ಲ. 1985ರಲ್ಲಿ ನಿಮ್ಹಾನ್ಸ್ ಸಂಸ್ಥೆ ಈ ಜಿಲ್ಲೆಯ ಪ್ರಾಥಮಿಕ ಆರೋಗ್ಯ ಕೇಂದ್ರಗಳ ವೈದ್ಯರಿಗೂ ಕಾರ್ಯಕರ್ತರಿಗೂ ತರಬೇತಿ ನೀಡಿ, ಮಾನಸಿಕ ಚಿಕಿತ್ಸೆಯನ್ನು ಹಳ್ಳಿಗಳ ಸಮೀಪಕ್ಕೆ ತಂದಿತು. 1996ರಲ್ಲಿ ಆರಂಭವಾದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಬಳ್ಳಾರಿಯ ಪ್ರಯೋಗವೇ ಮಾದರಿ. ದೇಶಕ್ಕೆ ದಾರಿ ತೋರಿದ ಊರು ಮರೆವಿನ ಕಾಯಿಲೆಯ ಮಟ್ಟಿಗೆ ಕೈಕಟ್ಟಿ ಕೂರುವುದು ಶೋಭಿಸದು.

ವಾಣಿಜ್ಯ ಸಂಸ್ಥೆಯು ನಗರದ ವೈದ್ಯಕೀಯ ಕಾಲೇಜಿನ ನೆರವಿನಿಂದ ಮನೆ ಆರೈಕೆಯ ಸಹಾಯಕರಿಗೆ ತರಬೇತಿ ಏರ್ಪಡಿಸಬಹುದು. ಜೀನ್ಸ್ ಘಟಕಗಳಲ್ಲಿ ಹೊಲಿಯುವ ಮಹಿಳೆಯರ ಮನೆಗಳಲ್ಲಿಯೂ ಇಂಥ ಹಿರಿಯರಿದ್ದಾರು. ಅವರಿಗೆ ಸಹಾಯಕರನ್ನು ನೇಮಿಸಿಕೊಳ್ಳುವ ಶಕ್ತಿಯಿಲ್ಲ. ಅಂಥವರಿಗಾಗಿ ಪೇಟೆಯಲ್ಲಿ ಹಗಲು ಆರೈಕೆ ಕೇಂದ್ರವೊಂದು ಬೇಕು. ಮಾಲೀಕರು ಕೂಡಿ ಒಂದು ಖಾಲಿ ಗೋದಾಮನ್ನೂ ಇಬ್ಬರು ತರಬೇತಾದ ಸಹಾಯಕರ ಸಂಬಳವನ್ನೂ ಒದಗಿಸಿದರೆ ಆರಂಭಕ್ಕೆ ಅಷ್ಟು ಸಾಕು.