ದೂರಿನ ಸಂಖ್ಯೆ ಸಿಗುತ್ತದೆ, ಅಮ್ಮನ ಸರ ಸಿಗುವುದಿಲ್ಲ

ಅಕ್ಟೋಬರ್ ತಿಂಗಳ ಕೊನೆಯ ಭಾನುವಾರ ಬ್ರಿಟನ್ನಿನ ಗಡಿಯಾರಗಳು ಒಂದು ಗಂಟೆ ಹಿಂದಕ್ಕೆ ಸರಿಯುತ್ತವೆ. ಅಲ್ಲಿಂದ ಮುಂದೆ ಚಳಿಗಾಲದುದ್ದಕ್ಕೂ ಜನ ಕಚೇರಿಯಿಂದ ಮನೆಗೆ ಮರಳುವ ಹೊತ್ತಿಗೆ ಬೀದಿಯೆಲ್ಲ ಕತ್ತಲು. ದೀಪ ಹೊತ್ತಿರದ ಮನೆ ಯಾವುದೆಂಬುದು ರಸ್ತೆಯಲ್ಲಿ ನಡೆದುಹೋಗುವ ಯಾರಿಗಾದರೂ ತಿಳಿಯುತ್ತದೆ. ನಮ್ಮ ದಸರಾ, ದೀಪಾವಳಿಗಳು ಬರುವುದೂ ಇದೇ ಆಸುಪಾಸಿನಲ್ಲಿ. ಲಂಡನ್ನಿನ ಮೆಟ್ರೊಪಾಲಿಟನ್ ಪೊಲೀಸರು ಸೇರಿದಂತೆ ಹಲವು ಕಡೆಯ ಪೊಲೀಸರು ಈ ಕಾಲಕ್ಕೆ ದಕ್ಷಿಣ ಏಷ್ಯಾ ಮೂಲದ ಕುಟುಂಬಗಳಿಗೆ ಚಿನ್ನದ ಬಗ್ಗೆ ಎಚ್ಚರಿಕೆ ನೀಡುವುದು ವಾಡಿಕೆಯಾಗಿದೆ.

ಈ ಎಚ್ಚರಿಕೆಯನ್ನು ಓದಬೇಕಾದವರು ಅಲ್ಲಿರುವವರು ಮಾತ್ರವಲ್ಲ. ಮಗಳ ಸೂಟ್‌ಕೇಸಿನಲ್ಲಿ ಚಟ್ನಿಪುಡಿಯ ಜೊತೆಗೆ ಅವಲಕ್ಕಿ ಸರವನ್ನೂ ಇಟ್ಟು ಕಳುಹಿಸುವ ತಾಯಂದಿರು, ಹಬ್ಬದ ದಿನ ವಿಡಿಯೊ ಕರೆಯಲ್ಲಿ ಸೊಸೆಯ ಬರಿಗೊರಳನ್ನು ಕಂಡು ಆಕ್ಷೇಪಿಸುವ ಅತ್ತೆಯಂದಿರು, ಮುಂದಿನ ವರ್ಷ ವೀಸಾ ಪಡೆದು ಹೊರಡಲಿರುವ ದಂಪತಿಗಳು, ಇವರೆಲ್ಲರೂ ಇದಕ್ಕೆ ಸೇರಿದವರೇ. ಏಕೆಂದರೆ ಆ ಚಿನ್ನ ಇಂಗ್ಲೆಂಡಿನ ಮನೆಗಳನ್ನು ತಲುಪುವುದು ಇವರ ಪ್ರೀತಿಯಿಂದ.

ಕಳ್ಳರ ಲೆಕ್ಕಾಚಾರ ಸರಳವಾದುದು. ಇಂಗ್ಲೆಂಡಿನ ಸಾಮಾನ್ಯ ಆಭರಣದಂಗಡಿಯಲ್ಲಿ ಬಿಕರಿಯಾಗುವ ಚಿನ್ನ ಬಹುಪಾಲು 9 ಕ್ಯಾರೆಟ್‌ನದು. ನಮ್ಮವರ ಮನೆಯಲ್ಲಿರುವುದು 22 ಕ್ಯಾರೆಟ್‌ನದು. ಟೀವಿಯನ್ನೋ ಲ್ಯಾಪ್‌ಟಾಪನ್ನೋ ಹೊತ್ತೊಯ್ದರೆ ಅದರ ಗುರುತು ಉಳಿಯುತ್ತದೆ. ಕರಗಿಸಿದ ಬಳೆಗೆ ಯಾವ ಗುರುತೂ ಇಲ್ಲ. ಏಷ್ಯಾ ಮೂಲದ ಕುಟುಂಬಗಳಿಂದ ಐದು ವರ್ಷಗಳಲ್ಲಿ ಕಳುವಾದ ಚಿನ್ನದ ಮೌಲ್ಯ ಸುಮಾರು 14 ಕೋಟಿ ಪೌಂಡ್ ಎಂದು 2017ರಲ್ಲಿ ಬಿಬಿಸಿ ವರದಿ ಮಾಡಿತ್ತು. ಆ ಬಳಿಕ ಚಿನ್ನದ ಬೆಲೆ ಎಷ್ಟು ಏರಿದೆ ಎಂಬುದನ್ನು ನಮ್ಮ ಓದುಗರಿಗೆ ಹೇಳಿಕೊಡಬೇಕಾಗಿಲ್ಲ.

ಹಾಗಾದರೆ ಕಾನೂನು ಏನು ಮಾಡುತ್ತಿದೆ? ವಿದೇಶಕ್ಕೆ ಹೊರಟವರಲ್ಲಿ ಒಂದು ದೃಢವಾದ ನಂಬಿಕೆ ಇರುತ್ತದೆ: ಅಲ್ಲಿಯ ವ್ಯವಸ್ಥೆ ಸರಿಯಿದೆ, ಪೊಲೀಸರು ಲಂಚ ಕೇಳುವುದಿಲ್ಲ, ಕಳ್ಳ ಸಿಕ್ಕೇ ಸಿಗುತ್ತಾನೆ. ಇದರಲ್ಲಿ ಮೊದಲೆರಡು ಮಾತುಗಳನ್ನು ಬಹುಮಟ್ಟಿಗೆ ಒಪ್ಪಬಹುದು. ಮೂರನೆಯದನ್ನು ಒಪ್ಪುವಂತಿಲ್ಲ.

ಕಾಗದದ ಮೇಲೆ ಕಾನೂನು ಕಠಿಣವಾಗಿಯೇ ಇದೆ. ಇಂಗ್ಲೆಂಡ್ ಮತ್ತು ವೇಲ್ಸ್‌ಗಳಿಗೆ ಅನ್ವಯಿಸುವ 1968ರ ಕಳ್ಳತನ ಕಾಯ್ದೆಯ ಪ್ರಕಾರ (ಸ್ಕಾಟ್ಲೆಂಡಿನ ಕಾನೂನು ಬೇರೆ) ಕದಿಯುವ ಉದ್ದೇಶದಿಂದ ಅತಿಕ್ರಮವಾಗಿ ಒಳಹೊಕ್ಕರೆ ಸಾಕು, ಒಂದು ಚಮಚವನ್ನೂ ಮುಟ್ಟದಿದ್ದರೂ ಕನ್ನದ ಅಪರಾಧ ಪೂರ್ಣವಾಗುತ್ತದೆ. ವಾಸದ ಮನೆಯಾದರೆ ಗರಿಷ್ಠ 14 ವರ್ಷ ಸೆರೆವಾಸ. ಆಯುಧ ಹಿಡಿದು ನುಗ್ಗಿದರೆ ಜೀವಾವಧಿಯವರೆಗೂ ಹೋಗಬಹುದು. ಮೂರನೆಯ ಬಾರಿ ಮನೆಗಳ್ಳತನದಲ್ಲಿ ಸಿಕ್ಕಿಬಿದ್ದವನಿಗೆ ಸಾಮಾನ್ಯವಾಗಿ ಕನಿಷ್ಠ 3 ವರ್ಷ. ಶಿಕ್ಷೆಯ ಪ್ರಮಾಣ ನಿರ್ಧರಿಸುವ ಮಾರ್ಗಸೂಚಿಯು ಕಳೆದುಹೋದ ವಸ್ತುವಿನ ಬೆಲೆಯನ್ನು ಮಾತ್ರವಲ್ಲದೆ ಅದಕ್ಕಿದ್ದ ಭಾವನಾತ್ಮಕ ಮೌಲ್ಯವನ್ನೂ ಲೆಕ್ಕಕ್ಕೆ ತೆಗೆದುಕೊಳ್ಳುವಂತೆ ಹೇಳುತ್ತದೆ. ಅಜ್ಜಿಯಿಂದ ಬಂದ ಕಾಸಿನ ಸರದ ದುಃಖವನ್ನು ನ್ಯಾಯಾಲಯದ ಮುಂದೆ ಲಿಖಿತವಾಗಿ ಇಡುವ ಅವಕಾಶ ಸಂತ್ರಸ್ತರಿಗಿದೆ. ಆದರೆ ಇವೆಲ್ಲವೂ ಆರಂಭವಾಗುವುದು ಕಳ್ಳ ಸಿಕ್ಕ ಮೇಲೆ.

ಸಿಗುವುದು ಎಷ್ಟು ಮಂದಿ? ಮನೆಗಳ್ಳತನದ ದೂರುಗಳಲ್ಲಿ ಆರೋಪ ಹೊರಿಸುವ ಹಂತ ತಲುಪುವವು ನೂರಕ್ಕೆ ಹತ್ತಕ್ಕಿಂತಲೂ ಕಡಿಮೆ. 2022ರ ಅಕ್ಟೋಬರಿನಲ್ಲಿ ಅಲ್ಲಿನ ಪೊಲೀಸ್ ಮುಖ್ಯಸ್ಥರು, ಇನ್ನು ಮುಂದೆ ಪ್ರತಿಯೊಂದು ಮನೆಗಳ್ಳತನದ ಸ್ಥಳಕ್ಕೂ ಅಧಿಕಾರಿಗಳು ಖುದ್ದಾಗಿ ಹೋಗುತ್ತಾರೆ ಎಂದು ಭರವಸೆ ನೀಡಬೇಕಾಯಿತು. ಅಂದರೆ ಅದಕ್ಕೂ ಮೊದಲು ಎಲ್ಲೆಡೆ ಹೋಗುತ್ತಿರಲಿಲ್ಲ ಎಂದಾಯಿತು. ದೂರು ಕೊಟ್ಟವರಿಗೆ ಒಂದು ಉಲ್ಲೇಖ ಸಂಖ್ಯೆ ದೊರೆಯುತ್ತದೆ. ವಿಮೆಗೆ ಅದು ಬೇಕು. ಬೆರಳಚ್ಚಿನ ಪುಡಿ ಬಳಿದು ಹೋಗುತ್ತಾರೆ, ಅಕ್ಕಪಕ್ಕದ ಮನೆಯ ಕ್ಯಾಮೆರಾ ನೋಡುತ್ತಾರೆ. ಬಳಿಕ ಬಹಳಷ್ಟು ಪ್ರಕರಣಗಳಲ್ಲಿ, ತನಿಖೆಗೆ ಬೇರೆ ಸುಳಿವುಗಳಿಲ್ಲವಾದ್ದರಿಂದ ಕಡತವನ್ನು ಸದ್ಯಕ್ಕೆ ಮುಚ್ಚಲಾಗಿದೆ ಎಂಬ ವಿನಯಪೂರ್ಣ ಪತ್ರ ಬರುತ್ತದೆ.

ಊರಿನಲ್ಲಿರುವ ಬಂಧುಗಳಿಗೆ ಅರ್ಥವಾಗದೆ ಹೋಗುವುದು ಈ ಪತ್ರವೇ. ಕರ್ನಾಟಕದಲ್ಲಿ ಎಫ್‌ಐಆರ್ ಬರೆಸಿಕೊಳ್ಳುವುದಕ್ಕೇ ಠಾಣೆಗೆ ನಾಲ್ಕು ಬಾರಿ ಅಲೆಯಬೇಕಾಗಿ ಬಂದವರು ಇದ್ದಾರೆ. ಆದರೆ ಆಗಾಗ ಪೊಲೀಸರು ಪ್ರಾಪರ್ಟಿ ಪೆರೇಡ್ ನಡೆಸಿ, ವಶಪಡಿಸಿಕೊಂಡ ಒಡವೆಗಳನ್ನು ಮೇಜಿನ ಮೇಲೆ ಹರಡಿ ವಾರಸುದಾರರಿಗೆ ಮರಳಿಸುವ ಚಿತ್ರವನ್ನೂ ನಾವು ಪತ್ರಿಕೆಗಳಲ್ಲಿ ಕಾಣುತ್ತೇವೆ. ಎಲ್ಲರ ಒಡವೆಯೂ ಆ ಮೇಜನ್ನು ತಲುಪುವುದಿಲ್ಲ ಎಂಬುದು ನಿಜ. ಆಸೆಯನ್ನಂತೂ ಆ ಮೇಜು ಜೀವಂತವಾಗಿಡುತ್ತದೆ. ಹಾಗಾಗಿಯೇ ‘ಪೊಲೀಸರು ಏನಂದರು? ರಿಕವರಿ ಆಯಿತಾ?’ ಎಂಬ ಪ್ರಶ್ನೆ ತಿಂಗಳುಗಟ್ಟಲೆ ಮೈಸೂರಿನಿಂದಲೋ ಹುಬ್ಬಳ್ಳಿಯಿಂದಲೋ ಹೋಗುತ್ತಿರುತ್ತದೆ. ಉತ್ತರ ಕೊಡಬೇಕಾದ ಮಗಳಿಗೆ ಕಳುವಿಗಿಂತ ಆ ಪ್ರಶ್ನೆಯೇ ಹೆಚ್ಚು ನೋಯಿಸುತ್ತದೆ.

ಸಿಕ್ಕಿಬಿದ್ದವನ ಪಯಣವೂ ಚುರುಕಾದುದಲ್ಲ. ಕ್ರೌನ್ ನ್ಯಾಯಾಲಯಗಳಲ್ಲಿ ಬಾಕಿ ಉಳಿದ ಪ್ರಕರಣಗಳು 70 ಸಾವಿರವನ್ನು ದಾಟಿವೆ. ಸೆರೆಮನೆಗಳು ತುಂಬಿ ತುಳುಕಿದ್ದರಿಂದ 2024ರ ಸೆಪ್ಟೆಂಬರಿನಲ್ಲಿ ಹಲವು ಬಗೆಯ ಕೈದಿಗಳನ್ನು ಶಿಕ್ಷೆಯ ಶೇ 40ರಷ್ಟು ಮುಗಿದೊಡನೆ ಬಿಡುಗಡೆ ಮಾಡುವ ಕ್ರಮ ಜಾರಿಗೆ ಬಂತು.

ಇದು ಅಸಾಮರ್ಥ್ಯವೆನ್ನಲಾಗದು. 2015ರ ಈಸ್ಟರ್ ರಜೆಯಲ್ಲಿ ಲಂಡನ್ನಿನ ಹ್ಯಾಟನ್ ಗಾರ್ಡನ್‌ನಲ್ಲಿ ಲಾಕರುಗಳಿದ್ದ ನೆಲಮಾಳಿಗೆಯ ಗೋಡೆಯನ್ನು ಕೊರೆದು ನುಗ್ಗಿದ ತಂಡವನ್ನು ಪೊಲೀಸರು ಮೇ ತಿಂಗಳಲ್ಲೇ ಹಿಡಿದರು. ಬಂಧಿತರಲ್ಲಿ ಎಪ್ಪತ್ತು ದಾಟಿದ ಮುದುಕರೂ ಇದ್ದದ್ದು ಜಗತ್ತಿಗೆಲ್ಲ ಸೋಜಿಗವಾಯಿತು. ಮನಸ್ಸು, ಸಿಬ್ಬಂದಿ, ಹಣ ಮೂರೂ ಒದಗಿದಾಗ ಆ ವ್ಯವಸ್ಥೆ ಏನನ್ನು ಮಾಡಬಲ್ಲುದೆಂಬುದಕ್ಕೆ ಅದು ನಿದರ್ಶನ. ಸ್ಲೌ ಪಟ್ಟಣದ ಸಾಲುಮನೆಯೊಂದರ ಮಾಂಗಲ್ಯಕ್ಕೆ ಆ ಮೂರೂ ಒದಗುವುದಿಲ್ಲ.

ಕಾನೂನಿನಲ್ಲಿಯೂ ಒಂದು ವಿಚಿತ್ರ ಬಿರುಕಿದೆ. ತಾಮ್ರದ ತಂತಿಯ ಕಳವು ವಿಪರೀತವಾದಾಗ ಬ್ರಿಟಿಷ್ ಸಂಸತ್ತು 2013ರಲ್ಲಿ ಗುಜರಿ ಲೋಹ ವ್ಯಾಪಾರಿಗಳ ಕಾಯ್ದೆಯನ್ನು ತಂದು, ಪರವಾನಗಿಯನ್ನು ಕಡ್ಡಾಯಗೊಳಿಸಿ, ನಗದು ಪಾವತಿಯನ್ನು ನಿಷೇಧಿಸಿತು. ಆ ಕಾಯ್ದೆಯ ವ್ಯಾಖ್ಯಾನದಿಂದ ಚಿನ್ನ, ಬೆಳ್ಳಿಗಳನ್ನು ಹೊರಗಿಡಲಾಗಿದೆ. ಹರಿದ ತಂತಿಗಿರುವ ಈ ಕಾವಲು ಕದ್ದ ಕೈಬಳೆಗಿಲ್ಲ. ಅಲ್ಲಿ ನೆಲೆಸಿ ಮತದ ಹಕ್ಕು ಪಡೆದಿರುವ ಕನ್ನಡಿಗರು ತಮ್ಮ ಸಂಸದರ ಮುಂದಿಡಬೇಕಾದ ಬೇಡಿಕೆ ಇದು. ಗಸ್ತು ಹೆಚ್ಚಿಸಿ ಎಂಬ ಕೂಗಿಗಿಂತ ಇದರಿಂದ ಹೆಚ್ಚಿನ ಫಲ ದೊರೆತೀತು.

ಕಳ್ಳನನ್ನು ತಾನೇ ಹಿಡಿದು ಬುದ್ಧಿ ಕಲಿಸುತ್ತೇನೆಂಬ ಆವೇಶಕ್ಕೆ ಅಲ್ಲಿ ಬೆಲೆ ತೆರಬೇಕಾಗುತ್ತದೆ. 2008ರಲ್ಲಿ ಹೈ ವಿಕಮ್ ಪಟ್ಟಣದ ಮುನೀರ್ ಹುಸೇನ್ ಎಂಬವರ ಕುಟುಂಬವನ್ನು ಮನೆಯೊಳಗೇ ಕಟ್ಟಿಹಾಕಲಾಗಿತ್ತು. ಪರಾರಿಯಾಗುತ್ತಿದ್ದ ದುಷ್ಕರ್ಮಿಯೊಬ್ಬನನ್ನು ಅವರೂ ಅವರ ಸೋದರನೂ ಬೀದಿಯಲ್ಲಿ ಅಟ್ಟಿಸಿಕೊಂಡು ಹೋಗಿ ಬಡಿದರು. ಅವನ ಮಿದುಳಿಗೆ ಪೆಟ್ಟಾಯಿತು. ಹುಸೇನ್ ಅವರಿಗೆ 30 ತಿಂಗಳ ಸೆರೆವಾಸ ವಿಧಿಸಲಾಯಿತು. 2010ರ ಜನವರಿಯಲ್ಲಿ ಮೇಲ್ಮನವಿ ನ್ಯಾಯಾಲಯ ಕರುಣೆ ತೋರಿ ಶಿಕ್ಷೆಯನ್ನು ತಗ್ಗಿಸಿ ಅಮಾನತಿನಲ್ಲಿಟ್ಟಿತು. ಮನೆಯೊಳಗೆ ಎದುರಿಸುವವರಿಗೆ 2013ರ ತಿದ್ದುಪಡಿ ಹೆಚ್ಚಿನ ರಕ್ಷಣೆ ನೀಡಿದೆ. ಆದರೆ ಓಡುವವನನ್ನು ಅಟ್ಟಿ ಹೊಡೆದರೆ ಅದು ಆತ್ಮರಕ್ಷಣೆ ಎನಿಸುವುದಿಲ್ಲ.

ಇಷ್ಟೆಲ್ಲ ಹೇಳಿದ್ದು ಹೆದರಿಸುವುದಕ್ಕಲ್ಲ. 1990ರ ದಶಕದ ಮಧ್ಯಭಾಗಕ್ಕೆ ಹೋಲಿಸಿದರೆ ಅಲ್ಲಿ ಮನೆಗಳ್ಳತನ ಬಹಳವಾಗಿ ಇಳಿದಿದೆ. ದೂರು ಕೊಡುವುದರಿಂದ ವೀಸಾಕ್ಕೆ ತೊಂದರೆಯಾದೀತೆಂದು ಕೆಲವರು ಅಳುಕುತ್ತಾರೆ. ಕ್ರಮಬದ್ಧ ವೀಸಾ ಇದ್ದವರು ಹಾಗೆ ಅಳುಕಬೇಕಾಗಿಲ್ಲ. ಕಳ್ಳ ಇನ್ನೂ ಒಳಗಿದ್ದರೆ 999ಕ್ಕೂ, ಹೋದ ಮೇಲಾದರೆ 101ಕ್ಕೂ ಕರೆ ಮಾಡಬೇಕು. ಮೊಮ್ಮಗುವನ್ನು ನೋಡಿಕೊಳ್ಳಲು ಹೋಗಿ ಹಗಲೆಲ್ಲ ಮನೆಯಲ್ಲಿರುವ ಅಜ್ಜ-ಅಜ್ಜಿಯರು ಸಾಕ್ಷಿಗಳಾದರೆ, ಇಂಗ್ಲಿಷ್ ಬಾರದೆಂದು ಸುಮ್ಮನಾಗಬೇಕಿಲ್ಲ. ಅಗತ್ಯವಿದ್ದವರಿಗೆ ಉಚಿತವಾಗಿ ದುಭಾಷಿ ಒದಗಿಸುವ ಹೊಣೆ ವ್ಯವಸ್ಥೆಯದು.

ಇನ್ನು ವಿಮೆ. ಒಂದು ಒಡವೆಗೆ ಇಂತಿಷ್ಟೇ ಎಂಬ ಮಿತಿ ಹೆಚ್ಚಿನ ಪಾಲಿಸಿಗಳಲ್ಲಿ ಇರುತ್ತದೆ. ಅದನ್ನು ಮೀರಿದ್ದನ್ನು ಹೆಸರಿಸಿ ನೋಂದಾಯಿಸದಿದ್ದರೆ ಪರಿಹಾರ ಆ ಮಿತಿಯಲ್ಲೇ ನಿಲ್ಲುತ್ತದೆ. 30 ಇಲ್ಲವೆ 60 ದಿನಗಳಿಗಿಂತ ಹೆಚ್ಚು ಕಾಲ ಮನೆ ಖಾಲಿ ಬಿದ್ದರೆ ಕಳವಿಗೆ ಪರಿಹಾರವಿಲ್ಲ ಎಂಬ ಷರತ್ತೂ ಸಾಮಾನ್ಯ. ಬೇಸಿಗೆಯ ರಜೆಯಲ್ಲಿ ಆರು ವಾರ ಊರಿಗೆ ಬರುವವರು ಟಿಕೆಟ್ ತೆಗೆಯುವ ಮುನ್ನ ಆ ಸಾಲನ್ನು ಓದಿಕೊಳ್ಳಬೇಕು. ಮದುವೆಯ ಒಡವೆ ಊರಿನ ಬ್ಯಾಂಕ್ ಲಾಕರಿನಲ್ಲಿ ಇರುವುದೇ ಲೇಸು. ಈಗಾಗಲೇ ಅಲ್ಲಿಗೆ ಹೋಗಿಬಿಟ್ಟಿರುವುದಕ್ಕೆ ತೂಕ, ಚಿತ್ರ, ಖರೀದಿಯ ರಸೀದಿ ಬೇಕು. ಇಪ್ಪತ್ತು ವರ್ಷದ ಹಿಂದೆ ಅಕ್ಕಸಾಲಿಗರು ಕೊಟ್ಟ ಚೀಟಿ ಸಿಗದಿದ್ದರೆ ಮದುವೆಯ ಆಲ್ಬಮ್ಮಿನಲ್ಲಿ ಸರ ಸ್ಪಷ್ಟವಾಗಿ ಕಾಣುವ ಒಂದು ಚಿತ್ರವೂ ಉಪಯೋಗಕ್ಕೆ ಬಂದೀತು. ಆಲ್ಬಮ್ ಇರುವುದು ಊರಿನಲ್ಲಿ, ಅಟ್ಟದ ಮೇಲಿನ ಟ್ರಂಕಿನಲ್ಲಿ. ಅದನ್ನು ಇಳಿಸಿ ಚಿತ್ರ ತೆಗೆದು ಕಳುಹಿಸುವ ಕೆಲಸವನ್ನು ಇಲ್ಲಿರುವವರು ಈ ವಾರವೇ ಮಾಡಬಹುದು.